ಒಂದೇ ಮನೆ, ಇಬ್ಬರು ಮಕ್ಕಳು: ಡೈಪರ್ ಬಿಡಿಸುವುದು ಹೇಗೆ?

ಮೂರು ವರ್ಷದ ಮಗು ಡೈಪರ್ ಬಿಡುವ ಹಂತದಲ್ಲಿರುವಾಗಲೇ ಒಂದೂವರೆ ವರ್ಷದ ಇನ್ನೊಂದು ಮಗುವೂ ಮನೆಯಲ್ಲಿದ್ದರೆ, ಇಬ್ಬರಿಗೂ ಒಟ್ಟಿಗೇ ಶೌಚದ ಅಭ್ಯಾಸ ಮಾಡಿಸಿ ಮುಗಿಸಿಬಿಡೋಣ ಎಂದು ಹೆತ್ತವರಿಗೆ ಅನ್ನಿಸುವುದು ಸಹಜ. ಆದರೆ ಮಲಮೂತ್ರವನ್ನು ತಡೆದುಕೊಳ್ಳುವ ಹಿಡಿತ ಒಂದೊಂದು ಮಗುವಿಗೆ ಒಂದೊಂದು ಕಾಲಕ್ಕೆ ಬರುತ್ತದೆ. ಅವಳಿಗಳಲ್ಲಿ ಕೂಡ ಅದು ಒಂದೇ ಸಮಯಕ್ಕೆ ಬರಬೇಕೆಂದಿಲ್ಲ. ಮಗು ಸಿದ್ಧವಾಗುವವರೆಗೆ ಕಾಯಬೇಕು ಎಂಬ ಕ್ರಮವನ್ನು ಅಮೆರಿಕದ ಮಕ್ಕಳ ತಜ್ಞ ಟಿ. ಬೆರಿ ಬ್ರೆಜೆಲ್ಟನ್ 1962ರಲ್ಲಿ ಮುಂದಿಟ್ಟರು. ಇಬ್ಬರು ಮಕ್ಕಳಿರುವ ಮನೆಯಲ್ಲಿ ಆ ಮಾತನ್ನು ಇಬ್ಬರಿಗೂ ಬೇರೆ ಬೇರೆಯಾಗಿ ಅನ್ವಯಿಸಿಕೊಳ್ಳಬೇಕು.

ಮೊದಲು ಸೂಚನೆಗಳನ್ನು ಗಮನಿಸಿ

ಸಿದ್ಧತೆಯ ಸೂಚನೆಗಳು ಸಾಮಾನ್ಯವಾಗಿ 18 ತಿಂಗಳಿಂದ 3 ವರ್ಷದೊಳಗೆ ಕಾಣಿಸಿಕೊಳ್ಳುತ್ತವೆ. ಹಗಲಿನಲ್ಲಿ ಎರಡು ಗಂಟೆಯಾದರೂ ಡೈಪರ್ ಒದ್ದೆಯಾಗದೆ ಇರುವುದು, ಒದ್ದೆಯಾದಾಗ ಕಿರಿಕಿರಿಪಡುವುದು, ಕಕ್ಕ ಬಂದಾಗ ಮೂಲೆಗೋ ಪರದೆಯ ಹಿಂದಕ್ಕೋ ಹೋಗಿ ನಿಲ್ಲುವುದು, ಚಡ್ಡಿಯನ್ನು ತಾನೇ ಕೆಳಗೆ ಜಾರಿಸುವುದು, ಹೇಳಿದ ಚಿಕ್ಕಪುಟ್ಟ ಕೆಲಸವನ್ನು ಅರ್ಥಮಾಡಿಕೊಂಡು ಮಾಡುವುದು ಇವೇ ಆ ಸೂಚನೆಗಳು. ನಮ್ಮ ಅಜ್ಜಿಯರು ಕಾಲು ನೀಡಿ ಕುಳಿತು, ಎಳೆಗೂಸನ್ನು ಪಾದಗಳ ಮೇಲೆ ಕೂರಿಸಿಕೊಂಡು 'ಉಸ್ಸ್' ಎಂದು ಸದ್ದು ಮಾಡಿ ಉಚ್ಚೆ ಹೊಯ್ಯಿಸುತ್ತಿದ್ದರು. ಅದು ಒಳ್ಳೆಯ ರೂಢಿಯೇ. ಆದರೆ ಅಲ್ಲಿ ವೇಳೆಯನ್ನು ಅರಿತಿದ್ದವರು ಹಿರಿಯರು. ತನಗೆ ಬಂತೆಂದು ಮಗುವೇ ಅರಿತು ಹೇಳುವುದು ಆಮೇಲಿನ ಕಲಿಕೆ.

ಬೇಕಾದ ಸಾಮಾನು, ಹೊಂದುವ ಹೊತ್ತು

ಮಕ್ಕಳು ಶೌಚಕ್ಕೆ ಕೂರುವ ಪುಟ್ಟ ಪಾಟಿ ಕೊಳ್ಳುವುದಾದರೆ ಎರಡು ಕೊಳ್ಳಿ. ಒಂದೇ ಇದ್ದರೆ ಇಬ್ಬರಿಗೂ ಒಂದೇ ಕ್ಷಣದಲ್ಲಿ ಅದು ಬೇಕಾಗುತ್ತದೆ. ಕಮೋಡ್ ಇರುವ ಮನೆಯಲ್ಲಿ ಮಕ್ಕಳ ಸೀಟಿನ ಜೊತೆಗೆ ಕಾಲಿಡಲು ಒಂದು ಗಟ್ಟಿ ಮಣೆಯೂ ಇರಬೇಕು, ಏಕೆಂದರೆ ಕಾಲು ಜೋತಾಡುತ್ತಿದ್ದರೆ ಮಗುವಿಗೆ ಸರಿಯಾಗಿ ಮುಕ್ಕಲು ಆಗುವುದಿಲ್ಲ. ಮಂಡಿ ಸೊಂಟಕ್ಕಿಂತ ತುಸು ಮೇಲಿರುವ ಭಂಗಿ ಒಳ್ಳೆಯದು. ಕುಕ್ಕರುಗಾಲಿನಲ್ಲಿ ಕೂರುವ ನಮ್ಮ ದೇಸಿ ಶೌಚಾಲಯದಲ್ಲಿ ಆ ಭಂಗಿ ತಾನಾಗಿಯೇ ಸಿಗುತ್ತದೆ; ಆದರೆ ಚಿಕ್ಕವರಿಗೆ ಗುಂಡಿಯ ಭಯ ಇರುವುದರಿಂದ ಎರಡೂ ಕೈ ಹಿಡಿದುಕೊಳ್ಳಬೇಕು. ಬಟನ್, ಜಿಪ್ ಇರುವ ಚಡ್ಡಿಗಳನ್ನು ಕೆಲವು ಕಾಲ ಎತ್ತಿಡಿ, ಎಲಾಸ್ಟಿಕ್ ಚಡ್ಡಿಗಳೇ ಸಾಕು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟವಾದ್ದರಿಂದ ಯುಗಾದಿಯ ಆಸುಪಾಸಿನಲ್ಲಿ ಆರಂಭಿಸುವುದು ಅನುಕೂಲ.

ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ಚುರುಕಾಗುತ್ತದೆ. ಆದ್ದರಿಂದ ತಿಂಡಿ ಅಥವಾ ಊಟವಾದ ಅರ್ಧ ಗಂಟೆಯೊಳಗೆ ಮಗುವನ್ನು ಐದು ನಿಮಿಷ ಕೂರಿಸಿ. ಆಗದಿದ್ದರೆ ಎಬ್ಬಿಸಿಬಿಡಿ. ಕೈಗೆ ಮೊಬೈಲ್ ಕೊಟ್ಟು ಅರ್ಧ ಗಂಟೆ ಕೂರಿಸುವ ಪದ್ಧತಿ ಈಗ ಹೆಚ್ಚಾಗಿದೆ. ಹಾಗೆ ಕೂತ ಮಗುವಿನ ಗಮನ ಹೊಟ್ಟೆಯ ಕಡೆ ಇರುವುದೇ ಇಲ್ಲ.

ದೊಡ್ಡದನ್ನು ನೋಡಿ ಚಿಕ್ಕದು

ಮೊದಲು ದೊಡ್ಡ ಮಗುವಿನಿಂದ ಆರಂಭಿಸಿ. ಅಕ್ಕ ಅಥವಾ ಅಣ್ಣ ಕೂರುವುದನ್ನು, ನೀರು ಹಾಕುವುದನ್ನು, ಸೋಪಿನಲ್ಲಿ ಕೈ ತೊಳೆಯುವುದನ್ನು ಚಿಕ್ಕದು ನೋಡುತ್ತಿರಲಿ. ಬೇಕೆಂದರೆ ಬಟ್ಟೆ ಹಾಕಿಕೊಂಡೇ ತನ್ನ ಪಾಟಿಯ ಮೇಲೆ ಕೂತು ಅನುಕರಿಸಲಿ. ನೋಡಿ ಕಲಿಯುವುದು ಒಡಹುಟ್ಟಿದವರಿರುವ ಮನೆಯ ದೊಡ್ಡ ಅನುಕೂಲ. ಆದರೆ ಕೆಲವೊಮ್ಮೆ ಚಿಕ್ಕದೇ ಮೊದಲು ಕಲಿತುಬಿಡುತ್ತದೆ. ಆಗ 'ನೋಡು, ಪಾಪುನೇ ಹೇಳುತ್ತೆ, ನಿಂಗೆ ನಾಚಿಕೆ ಆಗಲ್ವಾ?' ಎಂಬ ಮಾತು ನಿಮ್ಮ ಬಾಯಿಂದಲೂ ಬರಬಾರದು, ಬಂದ ನೆಂಟರ ಬಾಯಿಂದಲೂ ಬರದಂತೆ ನೋಡಿಕೊಳ್ಳಬೇಕು. ಇಬ್ಬರ ಹೆಸರನ್ನೂ ಬರೆದು ನಕ್ಷತ್ರ ಅಂಟಿಸುವ ಪಟ್ಟಿಯನ್ನು ಗೋಡೆಗೆ ಹಾಕುವುದೂ ನನಗೆ ಸರಿಕಾಣುವುದಿಲ್ಲ, ಹಿಂದೆ ಬಿದ್ದ ಮಗು ಅದನ್ನು ದಿನವೂ ನೋಡಬೇಕಾಗುತ್ತದೆ.

ಹೆತ್ತವರು ಹೆಚ್ಚು ಕಂಗೆಡುವುದು ಕಲಿತದ್ದು ಮರೆತಂತಾದಾಗ. ಹೊಸ ಮಗು ಮನೆಗೆ ಬಂದಾಗ, ನರ್ಸರಿಗೆ ಸೇರಿಸಿದಾಗ, ಮನೆ ಬದಲಾಯಿಸಿದಾಗ, ತಿಂಗಳುಗಟ್ಟಲೆ ಚಡ್ಡಿ ಒದ್ದೆ ಮಾಡದಿದ್ದ ದೊಡ್ಡ ಮಗು ಮತ್ತೆ ಹಜಾರದ ನಡುವೆ ಉಚ್ಚೆ ಹೊಯ್ಯಬಹುದು. ಚಿಕ್ಕದಕ್ಕೆ ಡೈಪರ್ ಕಟ್ಟುವಾಗ ಪಕ್ಕದಲ್ಲಿ ಬಂದು ಮಲಗಿ 'ನಂಗೂ ಕಟ್ಟು' ಎನ್ನಬಹುದು. ಇದು ಹಟವಲ್ಲ; ಡೈಪರ್ ಕಟ್ಟುವ ಆ ಎರಡು ನಿಮಿಷ ಅಮ್ಮನ ಮುಖ ಪೂರ್ತಿ ತನ್ನ ಕಡೆಗಿರುತ್ತದೆ ಎಂಬುದು ಮಗುವಿಗೆ ಗೊತ್ತು. ಬೈಯದೆ ಒರೆಸಿ, ಬಟ್ಟೆ ಬದಲಿಸಿ, ದಿನದಲ್ಲಿ ಸ್ವಲ್ಪ ಹೊತ್ತನ್ನು ಆ ಮಗುವಿಗೆಂದೇ ಮೀಸಲಿಡಿ. ಕೆಲವು ವಾರಗಳಲ್ಲಿ ಬಹುತೇಕ ಮಕ್ಕಳು ಮೊದಲಿನ ಸ್ಥಿತಿಗೆ ಮರಳುತ್ತಾರೆ.

ಮಲಬದ್ಧತೆಯನ್ನು ಹಗುರವಾಗಿ ಎಣಿಸಬೇಡಿ

ಒಮ್ಮೆ ಗಟ್ಟಿಯಾಗಿ ಹೋಗಿ ನೋವಾದರೆ ಮಗು ಮುಂದಿನ ಸಲ ತಡೆದುಕೊಳ್ಳುತ್ತದೆ. ತಡೆದಷ್ಟೂ ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ತುದಿಗಾಲಲ್ಲಿ ನಿಂತು, ಕಾಲು ಬಿಗಿದು, ಮುಖ ಕೆಂಪಗೆ ಮಾಡಿಕೊಂಡ ಮಗುವನ್ನು ಕಂಡು ಅದು ಮುಕ್ಕುತ್ತಿದೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ತಡೆದುಕೊಳ್ಳುತ್ತಿರುತ್ತದೆ. ಅಂಥ ದಿನಗಳಲ್ಲಿ ಅಭ್ಯಾಸವನ್ನು ನಿಲ್ಲಿಸಿ, ನೀರು, ಪರಂಗಿಹಣ್ಣು, ಸೊಪ್ಪು, ಬೇಳೆಕಾಳುಗಳನ್ನು ಹೆಚ್ಚಿಸಿ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುತ್ತಿದ್ದರೆ ಅದನ್ನು ಕಡಿಮೆ ಮಾಡಿ. ನೋವು ಮುಂದುವರಿದರೆ ವೈದ್ಯರು ಕೊಡುವ, ಮಲ ಮೆತ್ತಗಾಗಿಸುವ ಔಷಧ ಬೇಕಾಗುತ್ತದೆ.

ರಾತ್ರಿಯ ಹಿಡಿತ ಬೇರೆಯೇ ವಿಷಯ. ಅದು ಅಭ್ಯಾಸದಿಂದಲ್ಲ, ಬೆಳವಣಿಗೆಯಿಂದ ಬರುತ್ತದೆ. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾದರೆ ಅದು ಕಾಯಿಲೆಯಲ್ಲ. ರಬ್ಬರ್ ಶೀಟು ಹಾಸಿ ಸುಮ್ಮನಿರಿ. ತೊಳೆಯುವಾಗ ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಸೋಂಕು ತಡೆಯಲು ಇದು ಮುಖ್ಯ.

ಉಚ್ಚೆ ಹೊಯ್ಯುವಾಗ ಉರಿ ಅಥವಾ ಜ್ವರ, ಮಲದಲ್ಲಿ ರಕ್ತ, ವಿಪರೀತ ಬಾಯಾರಿಕೆಯ ಜೊತೆಗೆ ಮೇಲಿಂದ ಮೇಲೆ ಮೂತ್ರ, ನಾಲ್ಕು ವರ್ಷ ದಾಟಿದ ಮೇಲೂ ಚಡ್ಡಿಯಲ್ಲೇ ಮಲ ಹೋಗುವುದು ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ತುರ್ತಿಲ್ಲದ ಭೇಟಿಯಾದರೆ, ಮಗು ಎಷ್ಟು ಹೊತ್ತಿಗೆ ಹೋಯಿತು, ಮಲ ಗಟ್ಟಿಯೋ ಮೆತ್ತಗೋ, ಏನು ತಿಂದಿತ್ತು ಎಂಬುದನ್ನು ಒಂದು ವಾರ ಬರೆದಿಟ್ಟುಕೊಂಡು, ಇಬ್ಬರದನ್ನೂ ಬೇರೆ ಬೇರೆ ಹಾಳೆಯಲ್ಲಿ ತೆಗೆದುಕೊಂಡು ಹೋಗಿ.