ಹೆಡ್‌ಫೋನ್ ಮೊದಲು, ಆಂಪ್ಲಿಫೈಯರ್ ಆಮೇಲೆ: ಮಿತ ಖರ್ಚಿನಲ್ಲಿ ನಾನು ಕಟ್ಟಿಕೊಂಡ ಮೊದಲ ಜೋಡಣೆ

ಮೇಜಿನ ಮೇಲಿಟ್ಟು ಬಳಸುವ ಹೆಡ್‌ಫೋನ್ ಆಂಪ್ಲಿಫೈಯರನ್ನು ಮೊದಲ ಸಲ ಕೊಳ್ಳಲು ಹೊರಡುವವರಲ್ಲಿ ಹೆಚ್ಚಿನವರು ಆಂಪ್ಲಿಫೈಯರುಗಳ ಪಟ್ಟಿಯಿಂದಲೇ ಆರಂಭಿಸುತ್ತಾರೆ. ನಾನು ಆ ಪಟ್ಟಿಯನ್ನು ಕೊನೆಯವರೆಗೂ ತೆರೆಯಲಿಲ್ಲ. ಯಾವ ಹೆಡ್‌ಫೋನ್, ಅದರಲ್ಲಿ ಯಾವ ಸಂಗೀತ, ಎಷ್ಟು ಗಟ್ಟಿಯಾಗಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಆಂಪ್ಲಿಫೈಯರ್ ಎಷ್ಟು ವೋಲ್ಟ್ ಕೊಡಬೇಕು, ಎಷ್ಟು ಕರೆಂಟ್ ಕೊಡಬೇಕು ಎಂಬುದು ಪ್ರೌಢಶಾಲೆಯ ಗಣಿತದಲ್ಲೇ ಹೊರಬೀಳುತ್ತದೆ. ಆ ಲೆಕ್ಕಕ್ಕೆ ಸಾಲುವ ಅತಿ ಅಗ್ಗದ ಆಂಪ್ಲಿಫೈಯರನ್ನು ಕೊಂಡು, ಉಳಿದ ಹಣವನ್ನೆಲ್ಲ ಹೆಡ್‌ಫೋನಿಗೆ ಹಾಕಬೇಕೆಂಬುದು ನಾನು ಹಾಕಿಕೊಂಡ ನಿಯಮ. ಕೊನೆಗೆ ಒಟ್ಟು ಖರ್ಚಿನ ಮುಕ್ಕಾಲು ಪಾಲು ಹೆಡ್‌ಫೋನಿಗೇ ಹೋಯಿತು. ಇಂದಿಗೂ ಆ ಹಂಚಿಕೆ ಸರಿಯೆಂದೇ ನನ್ನ ನಂಬಿಕೆ.

ನಾನು ಹೆಚ್ಚಾಗಿ ಕೇಳುವುದು ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರ ಹಳೆಯ ಧ್ವನಿಮುದ್ರಣಗಳನ್ನು ಮತ್ತು ವೀಣೆಯನ್ನು. ಇಂಥ ಸಂಗೀತಕ್ಕೆ ಮಧ್ಯಮ ಸ್ತರ ಶುದ್ಧವಾಗಿರಬೇಕು, ಕಂಠದ ಮೈ ಕೇಳಿಸಬೇಕು. ಗುಡುಗುವ ಬಾಸ್ ಇಲ್ಲದಿದ್ದರೂ ನಡೆಯುತ್ತದೆ. ಮನೆಯಲ್ಲಿ ಒಬ್ಬನೇ ಕೂತು ಕೇಳುವುದರಿಂದ ಸದ್ದು ಹೊರಗೆ ಸೋರಿದರೂ ತೊಂದರೆಯಿಲ್ಲ, ಹಾಗಾಗಿ ಹಿಂಬದಿ ತೆರೆದಿರುವ ಮಾದರಿಯೇ ಆಗಬಹುದಿತ್ತು. ಈ ಎಲ್ಲಕ್ಕೂ ಹೊಂದಿದ್ದು ಸೆನ್‌ಹೈಸರ್ ಕಂಪನಿಯ ಎಚ್‌ಡಿ 650. 2003ರಲ್ಲಿ ಬಂದ ಈ ಮಾದರಿಗೆ ಅಷ್ಟು ವಯಸ್ಸಾಗಿರುವುದೇ ನನಗೆ ಅನುಕೂಲವಾಯಿತು: ಬಳಸಿದ ಜೋಡಿಗಳು ಸಿಗುತ್ತವೆ, ಕಿವಿಮೆತ್ತೆಯಿಂದ ಕೇಬಲಿನವರೆಗೆ ಪ್ರತಿಯೊಂದು ಭಾಗವನ್ನೂ ಉಪಕರಣಗಳಿಲ್ಲದೆ ಕೈಯಲ್ಲೇ ಬಿಚ್ಚಿ ಬದಲಿಸಬಹುದು. ನಾನು ಕೊಂಡಿದ್ದೂ ಬಳಸಿದ್ದನ್ನೇ. ಕೊಳ್ಳುವ ಮೊದಲು ಎಡ-ಬಲ ಎರಡೂ ಕಡೆ ಒಂದೇ ಮಟ್ಟದಲ್ಲಿ ಕೇಳಿಸುತ್ತದೆಯೇ, ಕೇಬಲನ್ನು ಅದರ ಸಾಕೆಟ್ಟಿನಲ್ಲಿ ಅಲುಗಾಡಿಸಿದಾಗ ಸದ್ದು ಕಡಿಯುತ್ತದೆಯೇ ಎಂದು ನೋಡಿದೆ. ಮೆತ್ತೆಗಳು ಚಪ್ಪಟೆಯಾಗಿದ್ದವು, ಅವನ್ನು ಹೊಸದಾಗಿ ತರಿಸಿದೆ. ಮೆತ್ತೆ ತಗ್ಗಿದರೆ ಕಿವಿಗೂ ಸದ್ದು ಹೊಮ್ಮಿಸುವ ಡ್ರೈವರಿಗೂ ನಡುವಿನ ಅಂತರ ಬದಲಾಗಿ ಧ್ವನಿಯ ಸಮತೋಲನವೇ ಕೆಡುತ್ತದೆ. ಅದನ್ನು ಯಾವ ಆಂಪ್ಲಿಫೈಯರೂ ಸರಿಪಡಿಸಲಾರದು.

ಇನ್ನು ಲೆಕ್ಕ. ಎಚ್‌ಡಿ 650ರ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, 300 ಓಮ್; ಸಂವೇದನೆ, ಅಂದರೆ ಕೊಟ್ಟ ವಿದ್ಯುತ್ತಿಗೆ ಅದು ಎಷ್ಟು ಗಟ್ಟಿಯಾಗಿ ನುಡಿಯುತ್ತದೆ ಎಂಬುದು, ಒಂದು ವೋಲ್ಟಿಗೆ 103 ಡೆಸಿಬೆಲ್. ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ಗಮನಿಸಬೇಕು, ಏಕೆಂದರೆ ಕೊಳ್ಳುವವರ ಲೆಕ್ಕ ಹೆಚ್ಚಾಗಿ ದಾರಿ ತಪ್ಪುವುದು ಇಲ್ಲೇ. ಕೆಲವು ತಯಾರಕರು ಸಂವೇದನೆಯನ್ನು ಒಂದು ವೋಲ್ಟಿಗೆ ಎಷ್ಟು ಎಂದು ಕೊಡುತ್ತಾರೆ, ಕೆಲವರು ಒಂದು ಮಿಲಿವ್ಯಾಟಿಗೆ ಎಷ್ಟು ಎಂದು ಕೊಡುತ್ತಾರೆ. ಬೇಯರ್‌ಡೈನಾಮಿಕ್ ಕಂಪನಿಯ 250 ಓಮಿನ ಡಿಟಿ 990 ಪ್ರೊ ಹೆಡ್‌ಫೋನಿನ ಸಂವೇದನೆ 96 ಡೆಸಿಬೆಲ್ ಎಂದಿರುವುದನ್ನು ಕಂಡು, ಅದು ಎಚ್‌ಡಿ 650ಗಿಂತ 7 ಡೆಸಿಬೆಲ್ ಮೆಲುವಾಗಿ ನುಡಿಯುತ್ತದೆ ಎಂದುಕೊಳ್ಳುವುದು ಸಹಜ. ಆದರೆ 96 ಎಂಬುದು ಮಿಲಿವ್ಯಾಟಿನ ಲೆಕ್ಕ. 250 ಓಮಿಗೆ ಒಂದು ವೋಲ್ಟ್ ಕೊಟ್ಟರೆ ಹರಿಯುವ ಶಕ್ತಿ 4 ಮಿಲಿವ್ಯಾಟ್, ಅಂದರೆ 6 ಡೆಸಿಬೆಲ್ ಹೆಚ್ಚು. ಹಾಗಾಗಿ ವೋಲ್ಟಿನ ಲೆಕ್ಕದಲ್ಲಿ ಅದು 102. ಎರಡಕ್ಕೂ ನಡುವೆ ಉಳಿಯುವ ವ್ಯತ್ಯಾಸ ಒಂದೇ ಡೆಸಿಬೆಲ್. ಯಾವುದೇ ಎರಡು ಹೆಡ್‌ಫೋನುಗಳನ್ನು ಹೋಲಿಸುವ ಮೊದಲು ಎರಡನ್ನೂ ಒಂದೇ ಮಾನಕ್ಕೆ ತರುವುದು ಅನಿವಾರ್ಯ.

ಗರಿಷ್ಠ ಮಟ್ಟವೆಂದು ನಾನು 110 ಡೆಸಿಬೆಲ್ ಇಟ್ಟುಕೊಂಡೆ. ಇದು ಕೇಳುವ ಮಟ್ಟವಲ್ಲ. ತಬಲಾದ ಪೆಟ್ಟಿನಂತಹ ಕ್ಷಣಿಕ ಶಿಖರಗಳಿಗೆಂದು ಬಿಟ್ಟುಕೊಂಡ ಜಾಗ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 40 ಗಂಟೆ ಕೇಳುವವರಿಗೆ ಹೇಳುವ ಸರಾಸರಿ ಮಿತಿ 80 ಡೆಸಿಬೆಲ್, ನಾನು ಕೇಳುವುದು ಅದಕ್ಕಿಂತ ಕೆಳಗೆ. 103ರಿಂದ 110ಕ್ಕೆ ಏರಲು 7 ಡೆಸಿಬೆಲ್ ಬೇಕು, ಅಂದರೆ ಸುಮಾರು 2.24 ವೋಲ್ಟ್. 300 ಓಮಿನ ಮೇಲೆ ಅದು 17 ಮಿಲಿವ್ಯಾಟಿಗೂ ಕಡಿಮೆ, ಕರೆಂಟ್ ಏಳೂವರೆ ಮಿಲಿಆಂಪಿಯರ್. ಜಾಹೀರಾತುಗಳಲ್ಲಿ ಎರಡು ವ್ಯಾಟ್, ನಾಲ್ಕು ವ್ಯಾಟ್ ಎಂದು ದೊಡ್ಡಕ್ಷರಗಳಲ್ಲಿ ಬರೆದಿರುವುದನ್ನು ನೋಡುವಾಗ ಈ 17 ಮಿಲಿವ್ಯಾಟನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 300 ಓಮಿನ ಹೆಡ್‌ಫೋನಿಗೆ ಬೇಕಾಗಿರುವುದು ವೋಲ್ಟೇಜೇ ಹೊರತು ವ್ಯಾಟಲ್ಲ.

ಹಾಗಾದರೆ ಆಂಪ್ಲಿಫೈಯರ್ ಬೇಕೇ ಎಂಬ ಪ್ರಶ್ನೆಯನ್ನೂ ನಾನು ಪ್ರಾಮಾಣಿಕವಾಗಿ ಕೇಳಿಕೊಂಡೆ. ನನ್ನ ಬಳಿ ಆಪಲ್ ಕಂಪನಿಯ ಯುಎಸ್‌ಬಿ-ಸಿ ಡಾಂಗಲ್ ಇತ್ತು. ಫೋನು, ಕಂಪ್ಯೂಟರಿಗೆ ಹೆಡ್‌ಫೋನ್ ಸಿಕ್ಕಿಸಲು ನೆರವಾಗುವ ಈ ತುಂಡಿನ ಗಾತ್ರ ಬೆರಳಿನಷ್ಟು, ಬೆಲೆ ಬಹಳ ಕಡಿಮೆ. ಆದರೂ ಅದರ ಶಬ್ದಕಲ್ಮಶ ಮತ್ತು ವಿಕೃತಿಗಳು ಕಿವಿಗೆ ನಿಲುಕದಷ್ಟು ಕೆಳಗಿವೆ. ಪೂರ್ಣ ಮಟ್ಟದ, ಅಂದರೆ ಡಿಜಿಟಲ್ ಸಂಕೇತ ಮುಟ್ಟಬಲ್ಲ ಗರಿಷ್ಠ ಮಟ್ಟದ, 100 ಹರ್ಟ್ಸ್ ಸ್ವರವನ್ನು ಕಂಪ್ಯೂಟರಿನಿಂದ ನುಡಿಸಿ ಮಲ್ಟಿಮೀಟರಿನಲ್ಲಿ ಅಳೆದಾಗ ಅದು ಒಂದು ವೋಲ್ಟಿನ ಆಸುಪಾಸು ಕೊಡುತ್ತಿತ್ತು. ಯುರೋಪಿನಲ್ಲಿ ಮಾರುವ ಮಾದರಿಗೆ ಅರ್ಧ ವೋಲ್ಟಿನ ಮಿತಿಯಿರುವುದರಿಂದ ಕೈಯಲ್ಲಿರುವುದು ಯಾವುದೆಂದು ಅಳೆದು ನೋಡುವುದು ಒಳ್ಳೆಯದು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಇದೇ ಡಾಂಗಲ್ ತೀರ ಮೆಲುವಾಗಿ ನುಡಿಯುವುದೂ ಉಂಟು. ಕಂಪ್ಯೂಟರಿನಲ್ಲಿ ಆ ತೊಡಕು ನನಗೆ ಬರಲಿಲ್ಲ.

ಒಂದು ವೋಲ್ಟಿಗೆ 103 ಡೆಸಿಬೆಲ್ ಎಂದರೆ ಇಂದಿನ ಚಿತ್ರಗೀತೆಗಳಿಗೆ ಧಾರಾಳವಾಯಿತು. ಅವುಗಳ ಸರಾಸರಿ ಮಟ್ಟ ಪೂರ್ಣ ಮಟ್ಟಕ್ಕಿಂತ 10 ಡೆಸಿಬೆಲ್‌ನಷ್ಟೇ ಕೆಳಗಿರುತ್ತದೆ. ಹಳೆಯ ಖಯಾಲಿನ ಧ್ವನಿಮುದ್ರಣ ಹಾಗಲ್ಲ: ಆಲಾಪದಲ್ಲಿ ಸರಾಸರಿ ಮಟ್ಟ 25 ಡೆಸಿಬೆಲ್ ಕೆಳಗಿರುವುದು ಅಪರೂಪವೇನಲ್ಲ. ಇದರ ಜೊತೆಗೆ ಸ್ತರಸ್ತರವಾಗಿ ಸದ್ದನ್ನು ಏರಿಸಿ ಇಳಿಸುವ ಈಕ್ವಲೈಜರಿನದೊಂದು ಲೆಕ್ಕವಿದೆ. ಎಚ್‌ಡಿ 650ರಲ್ಲಿ ಕೆಳಸ್ತರದ ಬಾಸ್ ಇಳಿಯುತ್ತ ಹೋಗುತ್ತದೆ, ತಬಲಾ ಜೋಡಿಯಲ್ಲಿ ಎಡಗೈಯಿಂದ ನುಡಿಸುವ ಬಾಯಾದ ಗುಂಗು ತೆಳುವಾಗುತ್ತದೆ. ಅದನ್ನು ತುಂಬಲು ನಾನು ವಿಂಡೋಸಿನಲ್ಲಿ ಉಚಿತವಾಗಿ ಸಿಗುವ ಈಕ್ವಲೈಜರ್ ಎಪಿಒ ಬಳಸಿ ಕೆಳಸ್ತರವನ್ನು 6 ಡೆಸಿಬೆಲ್ ಏರಿಸುತ್ತೇನೆ. ಡಿಜಿಟಲ್ ಸಂಕೇತ ಪೂರ್ಣ ಮಟ್ಟವನ್ನು ದಾಟಿ ಒಡೆಯದಂತಿರಲು ಅಷ್ಟೇ 6 ಡೆಸಿಬೆಲನ್ನು ಒಟ್ಟು ಮಟ್ಟದಿಂದ ಮೊದಲೇ ಇಳಿಸಬೇಕು. ಹಾಗಾಗಿ 103 ಎಂಬುದು 97 ಆಗುತ್ತದೆ, ಆಲಾಪದ ಸರಾಸರಿ 72ಕ್ಕೆ ಬಂದು ನಿಲ್ಲುತ್ತದೆ, ಮಂದ್ರದ ಮೆಲುಸ್ವರಗಳು ಅದಕ್ಕೂ ಕೆಳಗೆ ಫ್ಯಾನಿನ ಸದ್ದಿನಲ್ಲಿ ಮುಳುಗುತ್ತವೆ. ನನ್ನ ಗುರಿಯಾದ 110ಕ್ಕೂ ಈ 97ಕ್ಕೂ ನಡುವಿನ ಕೊರತೆ 13 ಡೆಸಿಬೆಲ್, ಅಂದರೆ ವೋಲ್ಟೇಜಿನಲ್ಲಿ ನಾಲ್ಕೂವರೆ ಪಟ್ಟು. ನನಗೆ ಆಂಪ್ಲಿಫೈಯರ್ ಏಕೆ ಬೇಕು ಎಂಬುದಕ್ಕೆ ಇದೊಂದೇ ಕಾರಣ, ಮತ್ತು ಇಷ್ಟೇ ಸಾಕಾದ ಕಾರಣ.

ಇಷ್ಟಾದ ಮೇಲೆ ಪಟ್ಟಿಯನ್ನು ತೆರೆದೆ. ಅಗ್ಗದ ಆಂಪ್ಲಿಫೈಯರುಗಳ ಈ ವರ್ಗಕ್ಕೆ ಒಂದು ಒಳ್ಳೆಯ ಹಿನ್ನೆಲೆಯಿದೆ. ತನ್ನ ಹೆಸರನ್ನು ಹೇಳಿಕೊಳ್ಳದ ಒಬ್ಬ ಎಂಜಿನಿಯರ್ 2011ರಲ್ಲಿ ಓ2 ಎಂಬ ಆಂಪ್ಲಿಫೈಯರಿನ ಪೂರ್ಣ ವಿನ್ಯಾಸವನ್ನು ಅಳತೆಗಳ ಸಮೇತ ಎಲ್ಲರಿಗೂ ಮುಕ್ತವಾಗಿ ಪ್ರಕಟಿಸಿದರು. ಸಾಮಾನ್ಯ ಬಿಡಿಭಾಗಗಳಿಂದ ಯಾರು ಬೇಕಾದರೂ ಕಟ್ಟಬಹುದಾದ ಸರ್ಕ್ಯೂಟು ಎಷ್ಟೋ ದುಬಾರಿ ಪೆಟ್ಟಿಗೆಗಳಿಗೆ ಸಮನಾಗಿ ಅಳತೆಗೆ ನಿಲ್ಲುತ್ತದೆ ಎಂಬುದು ಅದರಿಂದ ಸ್ಪಷ್ಟವಾಯಿತು. ಶೀಟ್ ಕಂಪನಿಯ ಮ್ಯಾಗ್ನಿ, ಜೆಡಿಎಸ್ ಲ್ಯಾಬ್ಸ್ ಕಂಪನಿಯ ಆಟಮ್ ಎರಡೂ 99 ಡಾಲರಿನ ಬೆಲೆಯಲ್ಲಿ ಮಾರುಕಟ್ಟೆಗೆ ಬಂದವು. ಒಂದೇ ಪೆಟ್ಟಿಗೆಯಲ್ಲಿ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಅನಲಾಗ್ ಆಗಿ ಬದಲಿಸುವ ಭಾಗ) ಕೂಡ ಬೇಕೆನ್ನುವವರಿಗೆ ಫಿಯೋ ಕಂಪನಿಯ ಕೆ5 ಪ್ರೊ, ಅದರ ನಂತರದ ಕೆ7 ಬಂದವು. ನನಗೆ ಡ್ಯಾಕಿನ ಅಗತ್ಯವಿರಲಿಲ್ಲ, ಡಾಂಗಲ್ಲೇ ಆ ಕೆಲಸವನ್ನು ಶುದ್ಧವಾಗಿ ಮಾಡುತ್ತಿತ್ತು. ಆಟಮಿಗೆ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂದು ನಿರ್ಧರಿಸುವ ಎರಡು ಗೇನ್‌ಗಳಿವೆ: ಒಂದು ಪಟ್ಟು ಮತ್ತು ನಾಲ್ಕೂವರೆ ಪಟ್ಟು. ನನ್ನ ಕೊರತೆ ಸರಿಯಾಗಿ ನಾಲ್ಕೂವರೆ ಪಟ್ಟೇ ಆಗಿದ್ದರಿಂದ ಆಯ್ಕೆಗೆ ಹೆಚ್ಚು ಯೋಚಿಸಬೇಕಾಗಲಿಲ್ಲ.

ನೋಡಬೇಕಾದ ಇನ್ನೊಂದು ಸಂಖ್ಯೆ ಆಂಪ್ಲಿಫೈಯರಿನ ಹೊರದಾರಿಯ (ಔಟ್‌ಪುಟ್) ಇಂಪೀಡೆನ್ಸ್. ಎಚ್‌ಡಿ 650 ಹೆಸರಿಗೆ 300 ಓಮ್; ಆದರೆ 100 ಹರ್ಟ್ಸಿನ ಸುತ್ತ ಅದು 500 ಓಮಿನ ಹತ್ತಿರ ಏರುತ್ತದೆ. ಹಳೆಯ ರಿಸೀವರುಗಳಲ್ಲಿ ಕಾಣುವ 120 ಓಮಿನಂತಹ ಹೊರದಾರಿಗೆ ಇದನ್ನು ಜೋಡಿಸಿದರೆ 300 ಓಮಿರುವ ಸ್ತರದಲ್ಲಿ ಸುಮಾರು 3 ಡೆಸಿಬೆಲ್ ನಷ್ಟ, 500 ಓಮಿರುವಲ್ಲಿ 2 ಡೆಸಿಬೆಲಿಗೂ ಕಡಿಮೆ ನಷ್ಟ; ಅಂದರೆ ಬಾಸಿನಲ್ಲಿ ಒಂದು ಡೆಸಿಬೆಲಿನ ಉಬ್ಬು. ಕೆಲವರಿಗೆ ಆ ಉಬ್ಬು ಇಷ್ಟವಾಗುತ್ತದೆ, ‘ಬೆಚ್ಚನೆಯ ಧ್ವನಿ’ ಎನ್ನುತ್ತಾರೆ. ಉಬ್ಬು ಬೇಕೆನಿಸಿದಾಗ ಈಕ್ವಲೈಜರಿನಲ್ಲಿ ಎಷ್ಟು ಬೇಕೋ ಅಷ್ಟೇ ಹಾಕಿಕೊಳ್ಳುವುದು ನನಗೆ ಹಿಡಿಸುತ್ತದೆ. ಹೆಡ್‌ಫೋನಿನ ಇಂಪೀಡೆನ್ಸಿನ ಎಂಟನೆಯ ಒಂದು ಭಾಗಕ್ಕಿಂತ ಹೊರದಾರಿಯದು ಕಡಿಮೆಯಿರಲಿ ಎಂಬ ಪ್ರಚಲಿತ ನಿಯಮವನ್ನು ಈಗಿನ ಅಗ್ಗದ ಆಂಪ್ಲಿಫೈಯರುಗಳಲ್ಲಿ ಹೆಚ್ಚಿನವು ನಿರಾಯಾಸವಾಗಿ ಪಾಲಿಸುತ್ತವೆ.

ನನಗೆ ಆಟಮ್ ಸಿಕ್ಕಿದ್ದು ಅಮೆರಿಕದಿಂದ ಮರಳಿದ ಪರಿಚಿತರೊಬ್ಬರಿಂದ, ಅದರೊಂದಿಗೆ ಬಂದ ಅಡಾಪ್ಟರ್ ಅಲ್ಲಿನ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ಅದನ್ನು ನೇರವಾಗಿ ಸಿಕ್ಕಿಸಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಇದು ಫೋನ್ ಚಾರ್ಜರಿನಂತೆ ಎಲ್ಲ ವೋಲ್ಟೇಜನ್ನೂ ತಾಳುವ ಬಗೆಯದ್ದಲ್ಲ. ಆಟಮಿನ ಅಡಾಪ್ಟರ್ ಡಿಸಿ ಕೊಡುವುದಿಲ್ಲ, ಎಸಿಯನ್ನೇ ಕೊಡುತ್ತದೆ. ಅಂಗಡಿಯಲ್ಲಿ ‘ಇಷ್ಟು ವೋಲ್ಟಿನದು’ ಎಂದು ಕೇಳಿದರೆ ಕೈಗೆ ಬರುವುದು ಸಾಮಾನ್ಯವಾಗಿ ಡಿಸಿ ಅಡಾಪ್ಟರೇ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹಳೆಯ ಅಡಾಪ್ಟರನ್ನೇ ಒಯ್ದು, ಅದರ ಮೇಲೆ ನಮೂದಾಗಿದ್ದ ಎಸಿ ವೋಲ್ಟೇಜು, ಕರೆಂಟು, ಪಿನ್ನಿನ ಅಳತೆ ಮೂರನ್ನೂ ತೋರಿಸಿ 230 ವೋಲ್ಟಿನದನ್ನು ತಂದೆ, ಸಿಕ್ಕಿಸುವ ಮೊದಲು ಮಲ್ಟಿಮೀಟರನ್ನು ಎಸಿಗೆ ತಿರುಗಿಸಿ ಅಳೆದೂ ನೋಡಿದೆ. ಹೊರದೇಶದಿಂದ ಆಂಪ್ಲಿಫೈಯರ್ ತರಿಸುವವರು ಈ ಖರ್ಚನ್ನೂ ಸೀಮಾ ಸುಂಕವನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಸುಂಕ ಸೇರಿದ ಮೇಲೆ ನಮ್ಮಲ್ಲೇ ಖಾತರಿಯೊಂದಿಗೆ ಸಿಗುವ ಚೀನಾದ ತಯಾರಿಕೆಗಳೇ ಎಷ್ಟೋ ಸಲ ಮೇಲೆನಿಸುತ್ತವೆ.

ಜೋಡಣೆ ಮುಗಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ಡಾಂಗಲನ್ನು ನೇರವಾಗಿ ಕೇಳುವುದಕ್ಕೂ ಆಂಪ್ಲಿಫೈಯರಿನ ಮೂಲಕ ಕೇಳುವುದಕ್ಕೂ ಮಟ್ಟವನ್ನು ಸಮ ಮಾಡಿ ಹೋಲಿಸಿದ್ದು. ಹೆಡ್‌ಫೋನ್ ಸಿಕ್ಕಿಸಿರುವಾಗಲೇ 100 ಹರ್ಟ್ಸ್ ಸ್ವರದ ವೋಲ್ಟೇಜನ್ನು ಅಳೆದು, ಎರಡೂ ಕಡೆ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲದಂತೆ ಗುಂಡಿಯನ್ನು ಹೊಂದಿಸಿದೆ. ಒಂದು ಪ್ರತಿಶತವೆಂದರೆ ಡೆಸಿಬೆಲಿನ ಹತ್ತನೆಯ ಒಂದು ಭಾಗದ ಸುಮಾರು. ಇಷ್ಟು ಕಟ್ಟುನಿಟ್ಟು ಅಗತ್ಯ, ಏಕೆಂದರೆ ಅರ್ಧ ಡೆಸಿಬೆಲ್ ಗಟ್ಟಿಯಾಗಿರುವುದು ಕಿವಿಗೆ ಗಟ್ಟಿಯೆಂದು ತೋರದೆ ‘ಸ್ಪಷ್ಟ’, ‘ವಿಶಾಲ’ ಎಂದು ತೋರುತ್ತದೆ. ಯಾವುದು ನುಡಿಯುತ್ತಿದೆ ಎಂದು ನನಗೆ ತಿಳಿಯದಂತೆ ಮನೆಯವರು ಬದಲಿಸುತ್ತ ಹೋದರು. ಮೆಲುವಾದ ಮಟ್ಟದಲ್ಲಿ ಎರಡನ್ನೂ ಬೇರ್ಪಡಿಸಲು ನನ್ನಿಂದ ಆಗಲಿಲ್ಲ. ಇದು ನನಗೆ ನಿರಾಸೆಯ ಸಂಗತಿಯಲ್ಲ, ಸಮಾಧಾನದ ಸಂಗತಿ: ಆಂಪ್ಲಿಫೈಯರ್ ತನ್ನದೇನನ್ನೂ ಸೇರಿಸದೆ, ಡಾಂಗಲ್ ನಿಲ್ಲುವ ಜಾಗದಿಂದ ಮುಂದಕ್ಕೆ 13 ಡೆಸಿಬೆಲ್ ಒಯ್ಯುತ್ತಿದೆ ಎಂದಾಯಿತು.

ದಿನನಿತ್ಯದ ಬಳಕೆಯಲ್ಲಿ ವಿಂಡೋಸಿನ ಧ್ವನಿಮಟ್ಟವನ್ನು ಪೂರ್ಣವಾಗಿಟ್ಟು ಆಂಪ್ಲಿಫೈಯರಿನ ಗುಂಡಿಯಿಂದಲೇ ಹೊಂದಿಸುತ್ತೇನೆ. ಗುಂಡಿ ತೀರ ಕೆಳಗಿರುವಾಗ ಎಡ-ಬಲ ಮಟ್ಟಗಳು ಸರಿಹೊಂದದೆ ಧ್ವನಿ ಒಂದು ಬದಿಗೆ ವಾಲುವುದು ಇಂಥ ಗುಂಡಿಗಳೊಳಗಿನ ಅಗ್ಗದ ಪೊಟೆನ್ಶಿಯೊಮೀಟರುಗಳಲ್ಲಿ ಸಾಮಾನ್ಯ, ಆದ್ದರಿಂದ ಚಿತ್ರಗೀತೆ ಕೇಳುವಾಗ ಗೇನನ್ನು ಒಂದು ಪಟ್ಟಿಗೆ ಇಳಿಸಿ ಗುಂಡಿಯನ್ನು ಮೇಲಕ್ಕೆ ತರುತ್ತೇನೆ. ಆಂಪ್ಲಿಫೈಯರಿನ ಹಿಂಬದಿಯಿಂದ ಸ್ಪೀಕರುಗಳಿಗೆ ತಂತಿ ಎಳೆದಾಗ ಮಾತ್ರ ಗುಂಯ್ ಎನ್ನುವ ಸದ್ದು ಕೇಳಿಸಿತು. ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯದರಲ್ಲಿ ಇದ್ದುದರಿಂದ ಅರ್ತಿಂಗಿನ ಸುತ್ತುದಾರಿ ಏರ್ಪಟ್ಟಿತ್ತು. ಎಲ್ಲವನ್ನೂ ಮೂರು ಪಿನ್ನಿನ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತಂದಾಗ ಸದ್ದು ಹೋಯಿತು. ಅರ್ತಿನ ಪಿನ್ನನ್ನೇ ಮುರಿದು ಗುಂಯ್ ನಿಲ್ಲಿಸುವ ಉಪಾಯವನ್ನು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಅದು ಜೀವಕ್ಕೆ ಅಪಾಯ.

ಪ್ರತಿ ಕಿವಿಗೂ ಪ್ರತ್ಯೇಕವಾದ ಎರಡು ತಂತಿಗಳಲ್ಲಿ ಸಂಕೇತ ಒಯ್ಯುವ ಬ್ಯಾಲೆನ್ಸ್ಡ್ ಜೋಡಣೆಗೆ ನಾನು ಹಣ ಹಾಕಲಿಲ್ಲ. ಅದು ಬಹುತೇಕ ಆಂಪ್ಲಿಫೈಯರುಗಳಲ್ಲಿ ವೋಲ್ಟೇಜನ್ನು ಹೆಚ್ಚಿಸುತ್ತದೆ, ಆದರೆ ನನ್ನ ಲೆಕ್ಕದಲ್ಲಿ ವೋಲ್ಟೇಜಿನ ಕೊರತೆ ಈಗ ಉಳಿದಿಲ್ಲ. ಮುಂದೆ, ಚಪ್ಪಟೆ ಪೊರೆಯಿಂದ ಸದ್ದು ಹೊಮ್ಮಿಸುವ ಪ್ಲೇನಾರ್ ಹೆಡ್‌ಫೋನ್ ಕೊಳ್ಳುವುದಾದರೆ ಇದೇ ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತದೆ. 25 ಓಮಿನ, ಮಿಲಿವ್ಯಾಟಿಗೆ 91 ಡೆಸಿಬೆಲ್ ನುಡಿಸುವ ಒಂದು ಪ್ಲೇನಾರನ್ನು ತೆಗೆದುಕೊಂಡರೆ 110 ಡೆಸಿಬೆಲಿಗೆ ಅದು ಕೇಳುವುದು 1.4 ವೋಲ್ಟ್ ಮಾತ್ರ, ಎಚ್‌ಡಿ 650ಗಿಂತ ಕಡಿಮೆ. ಆದರೆ ಕರೆಂಟ್ 56 ಮಿಲಿಆಂಪಿಯರ್, ಏಳು ಪಟ್ಟಿಗೂ ಹೆಚ್ಚು. 32 ಓಮಿಗೆ ಒಂದು ವ್ಯಾಟ್ ಕೊಡಬಲ್ಲ ಆಟಮ್ ಅದನ್ನೂ ಹೊರುತ್ತದೆ. ಹಾಗಾಗಿ ಆಂಪ್ಲಿಫೈಯರ್ ಬದಲಿಸುವ ಆಲೋಚನೆ ಸದ್ಯಕ್ಕಿಲ್ಲ. ಮುಂದಿನ ಖರ್ಚು ಮತ್ತೊಂದು ಜೊತೆ ಕಿವಿಮೆತ್ತೆಗಳದ್ದು.