ಚಿಲ್ಲರೆಯಲ್ಲಿ ಸಿಗುವ ಟಂಕಸಾಲೆಯ ತಪ್ಪುಗಳು: ಗುರುತಿಸುವ ಮತ್ತು ಬೆಲೆ ಕಟ್ಟುವ ಬಗೆ

ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ ಒಂದು ನಾಣ್ಯ ವಿಚಿತ್ರವಾಗಿ ಕಂಡರೆ ಹೆಚ್ಚಿನವರು ಮೊದಲು ಕೇಳುವುದು ಅದಕ್ಕೆ ಎಷ್ಟು ಸಿಗಬಹುದು ಎಂದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ದೋಷ ಟಂಕಸಾಲೆಯ ಯಂತ್ರದೊಳಗೆ ಆಗಿರಲು ಸಾಧ್ಯವೇ? ಸಾಧ್ಯವಿಲ್ಲ ಎಂದಾದರೆ ಅದು ಹಾಳಾದ ನಾಣ್ಯ. ಅದರ ಬೆಲೆ ಅದರ ಮೇಲೆ ಬರೆದಷ್ಟೇ.

ಆದ್ದರಿಂದ ನಾಣ್ಯ ತಯಾರಾಗುವ ಕ್ರಮವನ್ನು ಸ್ಥೂಲವಾಗಿಯಾದರೂ ತಿಳಿದಿರಬೇಕು. ಲೋಹದ ಉದ್ದನೆಯ ಪಟ್ಟಿಯಿಂದ ಮೊದಲು ಬಿಲ್ಲೆಗಳನ್ನು ಕತ್ತರಿಸಲಾಗುತ್ತದೆ. ಬಳಿಕ ಇನ್ನೊಂದು ಯಂತ್ರವು ಬಿಲ್ಲೆಯನ್ನು ಸುತ್ತಲೂ ಒತ್ತಿ ಅದರ ಅಂಚನ್ನು ಸ್ವಲ್ಪ ಎಬ್ಬಿಸುತ್ತದೆ. ಕೊನೆಗೆ ಆ ಬಿಲ್ಲೆ ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಕೂತು, ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಭಾರೀ ಒತ್ತಡದಲ್ಲಿ ನಾಣ್ಯವಾಗುತ್ತದೆ. ತಪ್ಪು ಬಿಲ್ಲೆಯದ್ದಾಗಿರಬಹುದು, ಅಚ್ಚಿನದ್ದಾಗಿರಬಹುದು, ಇಲ್ಲವೇ ಒತ್ತುವ ಕ್ಷಣದ್ದಾಗಿರಬಹುದು, ನಾಲ್ಕನೆಯ ದಾರಿಯಿಲ್ಲ.

ಉಪಕರಣಗಳು ಹೆಚ್ಚೇನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಗ್ರಾಮಿನ ನೂರನೆಯ ಒಂದು ಭಾಗದವರೆಗೆ ತೂಗುವ ಸಣ್ಣ ಡಿಜಿಟಲ್ ತಕ್ಕಡಿ, ಒಂದು ಅಯಸ್ಕಾಂತ, ಇಷ್ಟಿದ್ದರೆ ಸಾಕು.

ಹೊಸಬರು ಎಡವುವುದು ತಪ್ಪೇ ಅಲ್ಲದ್ದನ್ನು ತಪ್ಪೆಂದು ಎಣಿಸುವಲ್ಲಿ. ಭಾರತದಲ್ಲಿ ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾಗಳಲ್ಲಿ ಟಂಕಸಾಲೆಗಳಿದ್ದು, ಸಾಮಾನ್ಯವಾಗಿ ಇಸವಿಯ ಕೆಳಗೆ ಮುಂಬೈಯವರು ವಜ್ರಾಕೃತಿಯನ್ನೂ ಹೈದರಾಬಾದಿನವರು ನಕ್ಷತ್ರವನ್ನೂ ನೋಯ್ಡಾದವರು ದುಂಡು ಚುಕ್ಕಿಯನ್ನೂ ಇಡುತ್ತಾರೆ. ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇರುವುದಿಲ್ಲ. ಆದ್ದರಿಂದ ‘ಗುರುತು ಬಿಟ್ಟುಹೋದ ಅಪರೂಪದ ನಾಣ್ಯ’ ಎಂದು ಯಾರಾದರೂ ತೋರಿಸಿದರೆ ಅದು ಬಹುಮಟ್ಟಿಗೆ ಕೋಲ್ಕತ್ತದ್ದು. ಹಿಂದೆ ಕೊರತೆಯಾದಾಗ ನಮ್ಮ ನಾಣ್ಯಗಳನ್ನು ಹೊರದೇಶಗಳ ಟಂಕಸಾಲೆಗಳಲ್ಲಿಯೂ ಅಚ್ಚು ಹಾಕಿಸಲಾಗಿತ್ತು. ಅವುಗಳ ಮೇಲಿನ ಅಪರಿಚಿತ ಅಕ್ಷರಗಳೂ ತಪ್ಪಲ್ಲ. ಹತ್ತು ರೂಪಾಯಿ ನಾಣ್ಯದ ಗೊಂದಲವಂತೂ ಎಲ್ಲರಿಗೂ ಗೊತ್ತಿದ್ದದ್ದೇ. ರೂಪಾಯಿ ಚಿಹ್ನೆ ಇರುವುದು, ಇಲ್ಲದಿರುವುದು ಹೀಗೆ ಒಟ್ಟು 14 ವಿನ್ಯಾಸಗಳು ಚಲಾವಣೆಯಲ್ಲಿವೆ, ಎಲ್ಲವೂ ಸರಿಯಾದವೇ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿಯೇ ಸ್ಪಷ್ಟಪಡಿಸಿತ್ತು. ಚಿಹ್ನೆಯನ್ನು ಸರ್ಕಾರ ಒಪ್ಪಿಕೊಂಡದ್ದೇ 2010ರಲ್ಲಿ. ಅದಕ್ಕೂ ಹಿಂದಿನ ನಾಣ್ಯದಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ.

ಇನ್ನು ನಿಜವಾದ ತಪ್ಪುಗಳು. ಮೊದಲು ನೆನಪಿಡಬೇಕಾದದ್ದು ಉಬ್ಬು ತಗ್ಗಿನ ಲೆಕ್ಕ. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಿ ಮೂಡುತ್ತದೆ. ಅಚ್ಚು ಬಿರುಕು ಬಿಟ್ಟರೆ ಲೋಹ ಆ ಬಿರುಕಿನೊಳಗೆ ನುಗ್ಗುವುದರಿಂದ ನಾಣ್ಯದ ಮೇಲೆ ಕೂದಲೆಳೆಯಂತಹ ಉಬ್ಬುಗೆರೆ ಕಾಣಿಸುತ್ತದೆ. ಮೊಳೆಯಿಂದ ಗೀಚಿದ ಗೆರೆಯಾದರೋ ಒಳಕ್ಕೆ ಇಳಿದಿರುತ್ತದೆ. ದೀಪವನ್ನು ಒಂದು ಪಕ್ಕಕ್ಕೆ ಇಟ್ಟು ನಾಣ್ಯವನ್ನು ನಿಧಾನವಾಗಿ ಓರೆ ಮಾಡಿದರೆ ನೆರಳು ಗೆರೆಯ ಯಾವ ಬದಿಗೆ ಬೀಳುತ್ತದೆ ಎಂಬುದರಿಂದಲೇ ಉತ್ತರ ಸಿಗುತ್ತದೆ. ಬಂದ ‘ಅಪರೂಪ’ಗಳಲ್ಲಿ ಅರ್ಧಕ್ಕರ್ಧ ಈ ಒಂದು ಪರೀಕ್ಷೆಯಲ್ಲಿಯೇ ಉದುರಿಹೋಗುತ್ತವೆ.

ಅಂಚು ಅರ್ಧಚಂದ್ರದಂತೆ ಕಡಿದುಹೋದ ನಾಣ್ಯವನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಅರದಿಂದ ಉಜ್ಜಿ ಇದನ್ನು ನಕಲು ಮಾಡುವವರು ಬಹಳ. ಪಟ್ಟಿ ಸರಿಯಾಗಿ ಮುಂದೆ ಸರಿಯದೆ, ಕತ್ತರಿಸುವ ಸಾಧನವು ಆಗಲೇ ತೂತಾಗಿದ್ದ ಜಾಗದ ಮೇಲೆ ಅರೆಬರೆ ಬಿದ್ದಾಗ ಇಂತಹ ಬಿಲ್ಲೆ ಹುಟ್ಟುತ್ತದೆ. ಅಂಚು ಎಬ್ಬಿಸುವ ಯಂತ್ರದಲ್ಲಿ ಕಡಿದ ಭಾಗದ ಕಡೆಯಿಂದ ಒತ್ತಡ ಸಿಗದ ಕಾರಣ, ಅದಕ್ಕೆ ನೇರ ಎದುರಿನ ಅಂಚೂ ಸರಿಯಾಗಿ ಏಳದೆ ಮಂಕಾಗಿ ಉಳಿಯುತ್ತದೆ. ಕಡಿದ ಜಾಗದ ಪಕ್ಕದ ಅಕ್ಷರಗಳು ಕರಗಿದಂತೆ ಕ್ರಮೇಣ ತೆಳುವಾಗುತ್ತವೆ. ಅರದಿಂದ ಉಜ್ಜಿದ ನಾಣ್ಯದಲ್ಲಿ ಅಕ್ಷರ ಥಟ್ಟನೆ ತುಂಡಾಗಿರುತ್ತದೆ, ಎದುರಿನ ಅಂಚು ಗಟ್ಟಿಮುಟ್ಟಾಗಿರುತ್ತದೆ, ಮಸೂರದಡಿ ಅರದ ಗೀರುಗಳೂ ಕಾಣುತ್ತವೆ.

ಬಿಲ್ಲೆ ಅಚ್ಚಿನ ನಡುವೆ ಸರಿಯಾಗಿ ಕೂರದಿದ್ದರೆ ಚಿತ್ರ ಒಂದು ಪಕ್ಕಕ್ಕೆ ಸರಿದು, ಇನ್ನೊಂದು ಪಕ್ಕದಲ್ಲಿ ಬೋಳು ಲೋಹ ಉಳಿಯುತ್ತದೆ; ಮಾರುಕಟ್ಟೆಯಲ್ಲಿ ಇದನ್ನು ಆಫ್ ಸೆಂಟರ್ ಎನ್ನುತ್ತಾರೆ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡಿದ್ದು, ಮುಂದಿನ ಬಿಲ್ಲೆಯ ಮೇಲೆ ಅದರ ಚಿತ್ರವೇ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ತಗ್ಗಾಗಿ ಒತ್ತಿದರೆ ಅದು ಬ್ರೋಕೇಜ್. ನಮ್ಮ ನಾಣ್ಯ ವ್ಯಾಪಾರಿಗಳ ಬಾಯಲ್ಲಿ ‘ಲಖಿ’. ಎರಡು ನಾಣ್ಯಗಳನ್ನು ಜೋಡಿಸಿ ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು ಇದರ ನಕಲನ್ನೂ ಮಾಡುತ್ತಾರೆ. ಅಂತಹದರಲ್ಲಿ ಮೂಲ ಚಿತ್ರದ ಅವಶೇಷ ಕೆಳಗೆ ಹಾಗೆಯೇ ಉಳಿದಿರುತ್ತದೆ ಮತ್ತು ಹಿಂಬದಿ ಒತ್ತಡಕ್ಕೆ ಸಿಕ್ಕಿ ಚಪ್ಪಟೆಯಾಗಿರುತ್ತದೆ. ನಿಜವಾದ ಲಖಿಯಲ್ಲಿ ಒಂದು ಮುಖ ಸರಿಯಾಗಿಯೇ ಮೂಡಿರುತ್ತದೆ.

ಅಚ್ಚು ತಿರುಗಿದ ನಾಣ್ಯವನ್ನು ಪತ್ತೆ ಮಾಡುವುದು ಸುಲಭ. ನಾಣ್ಯದ ನೆತ್ತಿ ಮತ್ತು ಬುಡವನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಲು ತಿರುಗಿಸಿದಂತೆ ಪಕ್ಕಕ್ಕೆ ತಿರುಗಿಸಬೇಕು. ನಮ್ಮ ಈಗಿನ ನಾಣ್ಯಗಳಲ್ಲಿ ಹಿಂಬದಿಯೂ ನೆಟ್ಟಗೆ ನಿಂತಿರಬೇಕು. ಓರೆಯಾಗಿದ್ದರೆ ಅಥವಾ ತಲೆಕೆಳಗಾಗಿದ್ದರೆ ಅದು ಅಚ್ಚಿನ ತಪ್ಪು, ಮತ್ತು ಇದನ್ನು ಮನೆಯಲ್ಲಿ ಸುಲಭವಾಗಿ ಸೃಷ್ಟಿಸಲಾಗದು ಎಂಬುದೇ ಇದರ ಹೆಚ್ಚುಗಾರಿಕೆ.

ತಪ್ಪು ಬಿಲ್ಲೆಯ ಮೇಲೆ ಬಿದ್ದ ಅಚ್ಚನ್ನು ಕಣ್ಣಿಗಿಂತ ತಕ್ಕಡಿ ಚೆನ್ನಾಗಿ ಹಿಡಿಯುತ್ತದೆ. 2011ರಿಂದ ಬಂದ ಸರಣಿಯಲ್ಲಿ ಒಂದು ರೂಪಾಯಿಯ ತೂಕ 3.79 ಗ್ರಾಂ, ಎರಡು ರೂಪಾಯಿಯದು 4.85 ಗ್ರಾಂ. ಎರಡು ರೂಪಾಯಿಯ ಚಿತ್ರವಿದ್ದು, ಸುತ್ತಲಿನ ಬರಹ ಅಂಚಿನಿಂದ ಹೊರಬಿದ್ದು, ತೂಕ 3.79ರ ಆಸುಪಾಸು ಬಂದರೆ ಎದೆ ಬಡಿತ ಹೆಚ್ಚಾಗುವುದು ಸಹಜ. ಆದರೆ ಐದು ರೂಪಾಯಿಯ ವಿಷಯದಲ್ಲಿ ಅವಸರ ಬೇಡ: ಹಳೆಯ ದಪ್ಪ ತಾಮ್ರ-ನಿಕ್ಕಲ್ ನಾಣ್ಯ 9 ಗ್ರಾಂ ಇದ್ದು ಅಯಸ್ಕಾಂತಕ್ಕೆ ಅಂಟುವುದಿಲ್ಲ, 2007ರಲ್ಲಿ ಬಂದ ಉಕ್ಕಿನದು 6 ಗ್ರಾಂ, ಅಂಟುತ್ತದೆ. ಎರಡೂ ಸರಿ. ಹತ್ತು ರೂಪಾಯಿಯಲ್ಲಿ ನಡುವಿನ ತಿರುಳು ಓರೆಯಾಗಿ ಕೂತಿದ್ದರೆ ಚಿತ್ರವು ಉಂಗುರದಿಂದ ತಿರುಳಿನ ಮೇಲೆ ಕಡಿಯದೆ ಹರಿದಿದೆಯೇ ಎಂದು ನೋಡಬೇಕು. ತಿರುಳನ್ನು ಬಡಿದು ತೆಗೆದು ಮತ್ತೆ ಕೂರಿಸಿದ್ದರೆ ಗೆರೆಗಳು ಕೂಡುವುದಿಲ್ಲ.

ಬೆಲೆಯ ವಿಷಯಕ್ಕೆ ಬಂದರೆ, ದೂರದಿಂದ ನೋಡಿದವನಿಗೂ ತಪ್ಪು ಕಾಣಬೇಕು ಎಂಬುದು ನನ್ನ ಅಳತೆಗೋಲು. ಮಸೂರವಿಲ್ಲದೆ ಕಾಣದ ಬಿರುಕಿಗೆ, ಹತ್ತು ಹದಿನೈದು ಡಿಗ್ರಿ ತಿರುಗಿದ ಅಚ್ಚಿಗೆ, ಅಚ್ಚಿನ ತಗ್ಗಿನಲ್ಲಿ ಗ್ರೀಸ್ ತುಂಬಿದ್ದರಿಂದ ಮಸುಕಾಗಿ ಮೂಡಿದ ಅಕ್ಷರಕ್ಕೆ ಮುಖಬೆಲೆಗಿಂತ ಹೆಚ್ಚು ಕೊಡುವವರು ವಿರಳ. ಪೂರ್ತಿ ತಲೆಕೆಳಗಾದದ್ದು, ಅರ್ಧದಷ್ಟು ಸರಿದಿದ್ದರೂ ಇಸವಿ ಮತ್ತು ಟಂಕಸಾಲೆಯ ಗುರುತು ಓದಲು ಬರುವಂತಹದ್ದು, ಪೂರ್ಣ ಲಖಿ, ತಪ್ಪು ಬಿಲ್ಲೆಯದ್ದು ಮೇಲಿನ ಪಂಕ್ತಿಯಲ್ಲಿ ಬರುತ್ತವೆ. ಒಂದೇ ಬಗೆಯ ತಪ್ಪಿನಲ್ಲಿ ಸವೆಯದ ನಾಣ್ಯಕ್ಕೆ ಸವೆದದ್ದಕ್ಕಿಂತ ಹೆಚ್ಚು ಬೇಡಿಕೆ. ಬೆಲೆ ತಿಳಿಯಲು ಮಾರಾಟಗಾರ ಬರೆದುಕೊಂಡ ಮೊತ್ತವನ್ನು ನೋಡದೆ, ಹರಾಜು ಸಂಸ್ಥೆಗಳು ಪ್ರಕಟಿಸುವ ಮುಗಿದ ಹರಾಜುಗಳ ಫಲಿತಾಂಶದಲ್ಲಿ ಅದೇ ಬಗೆಯ, ಅದೇ ಮುಖಬೆಲೆಯ ನಾಣ್ಯ ಎಷ್ಟಕ್ಕೆ ಹೋಯಿತೆಂದು ನೋಡಬೇಕು. ನಾಣ್ಯ ಪ್ರದರ್ಶನಗಳಲ್ಲಿ ಇಬ್ಬರು ಮೂವರು ವ್ಯಾಪಾರಿಗಳಿಗೆ ತೋರಿಸಿದರೆ ಅಂದಾಜು ಇನ್ನೂ ಗಟ್ಟಿಯಾಗುತ್ತದೆ. ಕೊಳ್ಳುವ ವ್ಯಾಪಾರಿ ತನ್ನ ಲಾಭಕ್ಕೆ ಜಾಗ ಬಿಟ್ಟೇ ಹೇಳುತ್ತಾನೆ ಎಂಬುದನ್ನು ಲೆಕ್ಕಕ್ಕೆ ಹಿಡಿದರಾಯಿತು.

ವೈಷ್ಣೋದೇವಿ ಚಿತ್ರವಿರುವ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬಂತಹ ಸಂದೇಶಗಳನ್ನು ನಂಬಬಾರದು. ಅದು ತಪ್ಪಿನ ನಾಣ್ಯವೂ ಅಲ್ಲ, ಸ್ಮರಣಾರ್ಥವಾಗಿ ಹೊರಡಿಸಿದ್ದು. ತನ್ನ ಹೆಸರು ಬಳಸಿಕೊಂಡು ಹಳೆಯ ನಾಣ್ಯದ ವ್ಯವಹಾರಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಕೆ ನೀಡಿತ್ತು. ಮಾರುವವನಿಂದಲೇ ಮುಂಗಡ ಹಣ ಕೇಳಿದರೆಂದರೆ ಮಾತು ಅಲ್ಲಿಗೆ ಮುಗಿಯಬೇಕು.

ಸಿಕ್ಕಿದ ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಮ್ಮ ಮನೆಗಳ ಹಳೆಯ ಅಭ್ಯಾಸ. ದೇವರ ದೀಪಕ್ಕೆ ಅದು ಸರಿ, ನಾಣ್ಯಕ್ಕಲ್ಲ. ಮೇಲ್ಮೈಯ ಸಹಜ ಬಣ್ಣ ಹೋದರೆ ಸಂಗ್ರಹಕಾರ ಮುಖ ತಿರುಗಿಸುತ್ತಾನೆ. ಅಂಚಿನಲ್ಲಷ್ಟೇ ಹಿಡಿದು, ಕಿಟಕಿಯಿರುವ ರಟ್ಟಿನ ಹೋಲ್ಡರ್‌ನಲ್ಲಿ ಇರಿಸಿ, ರಟ್ಟಿನ ಮೇಲೆ ಮುಖಬೆಲೆ, ಇಸವಿ, ಟಂಕಸಾಲೆ, ತೂಕ, ತಪ್ಪಿನ ಬಗೆ ಮತ್ತು ಸಿಕ್ಕಿದ ದಿನವನ್ನು ಬರೆದಿಡಬೇಕು. ರಟ್ಟಿಗೆ ಹೊಡೆಯುವ ಸ್ಟೇಪಲ್ ಪಿನ್ ನಾಣ್ಯಕ್ಕೆ ತಾಗದಂತೆಯೂ ನೋಡಿಕೊಳ್ಳಬೇಕು.