ಎರಡು ಪ್ರಿಂಟ್ ಕೊಟ್ಟೆ, ಒಂದು ವಾಪಸ್ ಬಂತು: ಏರ್‌ಶೋನಲ್ಲಿ ಹಳೇ ವಿಮಾನದ ಫೋಟೋ ಹಂಚಿದ ನನ್ನ ಅನುಭವ

ಮೊದ್ಲು ರಿಸಲ್ಟ್ ಹೇಳ್ಬಿಡ್ತೀನಿ. 2025ರ ಫೆಬ್ರವರಿಲಿ ಯಲಹಂಕ ಏರೋ ಇಂಡಿಯಾಗೆ ಚಿಕ್ಕಬಳ್ಳಾಪುರದಿಂದ ಒಂದು ಹೆಗಲಚೀಲದಲ್ಲಿ ಸುಮಾರು 400 ಪ್ರಿಂಟ್ ತಗೊಂಡು ಹೋದೆ, ಅಂದ್ರೆ 200 ಜೋಡಿ. ವಾಪಸ್ ಬರುವಾಗ ಚೀಲದಲ್ಲಿ ಹಿಂದುಗಡೆ ಆ ವಿಮಾನದ ಬಗ್ಗೆ ಜನ ಬರ್ದುಕೊಟ್ಟಿದ್ದ ಪ್ರಿಂಟ್ 130ರ ಹತ್ರ ಇತ್ತು, ಅದರಲ್ಲಿ ಒಂದು 70 ನಿಜವಾಗ್ಲೂ ಕೆಲಸಕ್ಕೆ ಬರೋ ಮಾಹಿತಿ. ಜೊತೆಗೆ ಒಂದು ಬಿಸ್ಕೆಟ್ ಡಬ್ಬ ತುಂಬ ಬೇರೆಯೋರ ನೆಗೆಟಿವ್. ಆರು ವರ್ಷದಿಂದ ನನ್ನ ಸ್ಟುಡಿಯೋ ಫ್ರೆಂಡ್ಸ್ ಎಲ್ಲಾ "ಫೋನ್ ಕಾಲದಲ್ಲಿ ಪ್ರಿಂಟ್ ಯಾರಿಗೆ ಬೇಕೋ ಮಾರಾಯ" ಅಂತ ಹೇಳ್ತಾನೇ ಇದ್ರು. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ ಹೆಂಗೆ ಮಾಡ್ದೆ ಅಂತ ಕೇಳಿದ್ರು, ಅದಕ್ಕೇ ಬರೀತಿದೀನಿ.

ನಾನು ಮದುವೆ ಫೋಟೋಗ್ರಾಫರ್. 1998ರ ಶೋ ಟೈಮಲ್ಲಿ ಊರಿನ ಒಂದು ಸ್ಟುಡಿಯೋಲಿ ಹೆಲ್ಪರ್ ಆಗಿದ್ದೆ, ಓನರ್ ಹತ್ರ ಕ್ಯಾಮರಾ ಬೇಡ್ಕೊಂಡು ಬಸ್ ಹತ್ತಿ ಹುಣಸಮಾರನಹಳ್ಳಿ ಹತ್ರ ಇಳ್ದು, ರಸ್ತೆ ಪಕ್ಕ ಹೊಲದಲ್ಲಿ ನಿಂತ್ಕೊಂಡು ಎರಡು ರೋಲ್ ಮುಗಿಸಿದ್ದೆ. ಅವಾಗ ಅಲ್ಲಿ ಬಿಲ್ಡಿಂಗ್ ಇರ್ಲಿಲ್ಲ, ದ್ರಾಕ್ಷಿ ತೋಟ, ರಾಗಿ ಹೊಲ, ಅಷ್ಟೇ. ಅವತ್ತಿಂದ 2011ರ ತನಕ ಒಂದು ಶೋನೂ ಬಿಟ್ಟಿಲ್ಲ. ಕೆಂಪು ಬಿಳಿ ಬಣ್ಣದ ಸೂರ್ಯಕಿರಣ್ (ಏರ್‌ಫೋರ್ಸಿನ ಕಸರತ್ತು ತಂಡ), ಅಂದ್ರೆ ಹಳೇ ಕಿರಣ್ ಮಾರ್ಕ್ 2 ತರಬೇತಿ ಜೆಟ್ ಹಾರಿಸ್ತಿದ್ದ ಕಾಲದ್ದು, ನನ್ನ ಹತ್ರ ಇರೋ ಅಷ್ಟು ಫ್ರೇಮ್ ನಮ್ಮ ಜಿಲ್ಲೇಲಿ ಬೇರೆ ಯಾರ ಹತ್ರನೂ ಇಲ್ಲ ಅಂತ ಧೈರ್ಯವಾಗಿ ಹೇಳ್ತೀನಿ. 2011ರ ಶೋ ಆದ್ಮೇಲೆ ಆ ಟೀಮ್ ನಿಂತೋಯ್ತು, ಆಮೇಲೆ ಹಾಕ್ ವಿಮಾನದಲ್ಲಿ ಮತ್ತೆ ಶುರುವಾಯ್ತು. ಸೋ ಆ ಕಿರಣ್ ಫ್ರೇಮ್‌ಗಳು ಇನ್ನು ಸಿಗಲ್ಲ.

ಒಟ್ಟು 30 ರೋಲ್ ಚಿಲ್ಲರೆ, 1,100 ಫ್ರೇಮ್ ಹತ್ತಿರ. ಎಲ್ಲಾ ಒಂದು ತಗಡಿನ ಟ್ರಂಕಲ್ಲಿ, ಅಟ್ಟದ ಮೇಲೆ. 2018ರಲ್ಲಿ ಇಳಿಸಿ ನೋಡಿದ್ರೆ ಕಾಲು ಭಾಗಕ್ಕೆ ಫಂಗಸ್.

ಇಲ್ಲೇ ನನ್ನ ಮೊದಲನೇ ದೊಡ್ಡ ತಪ್ಪು. ಹಳೇ ಡಾರ್ಕ್‌ರೂಮ್ ಅಭ್ಯಾಸದಲ್ಲಿ ಒಂದು ಸ್ಟ್ರಿಪ್ ತಗೊಂಡು ನೀರಲ್ಲಿ ಅದ್ದಿ, ಎರಡು ಹನಿ ವೆಟ್ಟಿಂಗ್ ಏಜೆಂಟ್ ಹಾಕಿ, ಬೆರಳಲ್ಲಿ ಮೆತ್ತಗೆ ಸವರ್ದೆ. ಫಂಗಸ್ ಬಂತು, ಜೊತೆಗೆ ಚಿತ್ರ ಇರೋ ಪದರ, ಅಂದ್ರೆ ಎಮಲ್ಷನ್ನೂ ಬಂತು. ನಾಲ್ಕು ಕಿರಣ್ ಹೊಗೆ ಬಿಡ್ತಾ ಮೇಲಕ್ಕೆ ಏರ್ತಿದ್ದ ಫ್ರೇಮ್, ಕಣ್ಣೆದುರಿಗೆ ಹಾಲಿನ ಕೆನೆ ಥರ ಜಾರ್ಕೊಂಡು ಬೆರಳಿಗೆ ಅಂಟ್ತು. ಫಂಗಸ್ ತಿಂದ ಜೆಲಾಟಿನ್ ನೀರಿಗೆ ಕರಗುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ಆ ರಾತ್ರಿ ಊಟ ಸೇರ್ಲಿಲ್ಲ ನಂಗೆ. ನೀರು ಮುಟ್ಟಿಸ್ಲೇಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟ್‌ದು, ಮೆಡಿಕಲ್ ಶಾಪಲ್ಲಿ ಸಿಗೋ 70ರದ್ದು ಅಲ್ಲ, ಅದರಲ್ಲಿ ಮಿಕ್ಕಿದ್ದು ನೀರೇ. ಹತ್ತಿಯಲ್ಲಿ ಒಂದೇ ದಿಕ್ಕಿಗೆ, ಒತ್ತಡ ಹಾಕ್ದೆ.

ಲ್ಯಾಬಲ್ಲಿ ಸ್ಕ್ಯಾನ್ ಮಾಡ್ಸೋಣ ಅಂತ ಬೆಂಗಳೂರಲ್ಲಿ ಕೇಳಿದ್ರೆ ಫ್ರೇಮ್‌ಗೆ 25 ರೂಪಾಯಿ ಅಂದ್ರು, 27 ಸಾವಿರ ದಾಟುತ್ತೆ, ಮೇಲೆ ಫಂಗಸ್ ಇದ್ರೆ ಮುಟ್ಟಲ್ಲ ಅಂದ್ರು. ಸೆಕೆಂಡ್ ಹ್ಯಾಂಡ್ ಫ್ಲಾಟ್‌ಬೆಡ್ ಸ್ಕ್ಯಾನರ್ 16 ಸಾವಿರಕ್ಕೆ ತಗೊಂಡೆ. ಆಕಾಶದಲ್ಲಿ ಸಾಸಿವೆ ಕಾಳಷ್ಟು ಇರೋ ವಿಮಾನಕ್ಕೆ ಅದರ ಶಾರ್ಪ್‌ನೆಸ್ ಸಾಲಲ್ಲ, ಒಂದೊಂದು ಸ್ಟ್ರಿಪ್‌ಗೂ ಚಹಾ ಕುಡ್ದು ಬರೋವಷ್ಟು ಟೈಮು. ಮೂರು ತಿಂಗಳು ಒದ್ದಾಡಿ 9 ಸಾವಿರಕ್ಕೆ ಮಾರ್ದೆ, 7 ಸಾವಿರ ಲಾಸು.

ಆಮೇಲೆ ಕ್ಯಾಮರಾದಲ್ಲೇ ನೆಗೆಟಿವ್ ಶೂಟ್ ಮಾಡೋಕೆ ಶುರು ಮಾಡ್ದೆ. ಇದು ನಿಮಗೆಲ್ಲಾ ಗೊತ್ತಿರೋದೇ, ಮ್ಯಾಕ್ರೋ ಲೆನ್ಸು, ಕೆಳಗೆ ಎಲ್‌ಇಡಿ ಪ್ಯಾನೆಲ್ಲು, ರಾ ಫೈಲು. ಲೆನ್ಸ್ ಸೆಕೆಂಡ್ಸಲ್ಲಿ 17 ಸಾವಿರ, ಅದು ಮದುವೆ ಒಡವೆ ಶೂಟಿಗೂ ಆಯ್ತು ಅಂತ ಮನೇಲಿ ಹೇಳ್ದೆ. ಪ್ಯಾನೆಲ್ ಮೊದಲನೇದು 700 ರೂಪಾಯಿದು, ಬಣ್ಣ ಪೂರ್ತಿ ಹಸಿರು ಹೊಡೀತಿತ್ತು, ಬಿಸಾಕಿ 2,400ರದ್ದು ತಂದೆ. ಎರಡು ವಿಷಯ ಮಾತ್ರ ಹೇಳ್ತೀನಿ. ನೆಗೆಟಿವ್ ಇಡೋ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಇಟ್ಟು ವ್ಯೂಫೈಂಡರಲ್ಲಿ ನೋಡಿ, ನಿಮ್ಮ ಲೆನ್ಸಿನ ಕಣ್ಣು ಸರಿಯಾಗಿ ಮಧ್ಯಕ್ಕೆ ಕಾಣಿಸ್ಬೇಕು, ಆಗ ಕ್ಯಾಮರಾ ನೆಟ್ಟಗಿದೆ ಅಂತ. ಸ್ಪಿರಿಟ್ ಲೆವೆಲ್ಲಿಗಿಂತ ಇದೇ ವಾಸಿ. ಇನ್ನೊಂದು, ಫಿಲ್ಮಿನ ಅಂಚಲ್ಲಿ ಇರೋ ಕಂಪನಿ ಹೆಸರು ನೆಟ್ಟಗೆ ಓದಕ್ಕೆ ಬರ್ಬೇಕು. ವಿಮಾನ ಚಿಕ್ಕದಾಗಿದ್ರೆ ಉಲ್ಟಾ ಆಗಿರೋದು ಗೊತ್ತೇ ಆಗಲ್ಲ, ನಾನು ಒಂದು 50 ಫ್ರೇಮ್ ಉಲ್ಟಾ ತೆಗ್ದು ಎಡಗಡೆಗೆ ತಿರುಗಿ ಗುಂಪು ಬಿಟ್ಟ ವಿಮಾನನ ಬಲಗಡೆಗೆ ಕಳ್ಸಿದ್ದೆ. ಕಲರ್ ನೆಗೆಟಿವ್ ಮೇಲಿರೋ ಕಿತ್ತಳೆ ಬಣ್ಣ ತೆಗ್ಯೋಕೆ ನಾನು ಮಾಡೋ ಕರ್ವ್ಸ್ ಲೆಕ್ಕ ಮಾತ್ರ ಇಲ್ಲಿ ಬರ್ಯಲ್ಲ, ಅದಕ್ಕೆ ಎರಡು ವರ್ಷ ಹೋಗಿದೆ, ಸ್ಟುಡಿಯೋಗೆ ಬಂದ್ರೆ ತೋರಿಸ್ತೀನಿ.

ಲಾಕ್‌ಡೌನಲ್ಲಿ ಮದುವೆ ಎಲ್ಲಾ ನಿಂತೋದಾಗ ಕೂತು ಮುಕ್ಕಾಲು ಭಾಗ ಮುಗಿಸ್ದೆ.

ಆದ್ರೆ ಸ್ಕ್ಯಾನಿಂಗ್ ಅಷ್ಟೇ ಆಗಿದ್ರೆ ನಾನು ಬರೀತಾನೇ ಇರ್ಲಿಲ್ಲ. ಫೈಲ್ ಆದ್ಮೇಲೆ ಏನು? ಯಾವ ವಿಮಾನ, ಯಾವ ವರ್ಷ, ಯಾವ ಸ್ಕ್ವಾಡ್ರನ್ನು, ಅರ್ಧಕ್ಕರ್ಧ ನಂಗೇ ಗೊತ್ತಿಲ್ಲ. ಗೊತ್ತಿರೋರು ಅಂದ್ರೆ ರಿಟೈರ್ಡ್ ಎಚ್‌ಎಎಲ್ ನೌಕರರು, ಏರ್‌ಫೋರ್ಸಲ್ಲಿ ಗ್ರೌಂಡ್ ಕ್ರೂ ಆಗಿದ್ದೋರು, ಅವರೆಲ್ಲಾ ಒಂದೇ ಕಡೆ ಸಿಗೋದು ಏರ್‌ಶೋನಲ್ಲೇ. ಮೊಮ್ಮಕ್ಕಳನ್ನ ಕರ್ಕೊಂಡು ಬಂದಿರ್ತಾರೆ.

2019ರಲ್ಲಿ ಮೊದಲನೇ ಪ್ರಯತ್ನ, ಟ್ಯಾಬಲ್ಲಿ ಫೋಟೋ ಹಾಕ್ಕೊಂಡು ಹೋದೆ. ಬಿಸಿಲಲ್ಲಿ ಸ್ಕ್ರೀನ್ ಕಾಣಲ್ಲ, ವಯಸ್ಸಾದೋರು ಕಣ್ಣು ಕಿರಿದು ಮಾಡಿ ನೋಡಿ "ಚೆನ್ನಾಗಿದೆ" ಅಂತ ವಾಪಸ್ ಕೊಡ್ತಾರೆ. ಮೇಲಾಗಿ ಆ ವರ್ಷ ಶೋ ಹಿಂದಿನ ದಿನವೇ ಪ್ರಾಕ್ಟೀಸಲ್ಲಿ ಸೂರ್ಯಕಿರಣ್‌ನ ಎರಡು ಹಾಕ್ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರ್ಕೊಂಡಿದ್ರು, ಶನಿವಾರ ಪಾರ್ಕಿಂಗಲ್ಲಿ ಬೆಂಕಿ ಬಿದ್ದು 300ರಷ್ಟು ಕಾರು ಸುಟ್ಟೋಯ್ತು. ಯಾರಿಗೂ ಮನಸ್ಸಿರ್ಲಿಲ್ಲ, ನಂಗೂ ಇರ್ಲಿಲ್ಲ. ಆ ಶೋದಲ್ಲಿ ಮನಸ್ಸಿಗೆ ಉಳ್ದಿದ್ದು ಡಕೋಟಾ ಅನ್ನೋ ಹಳೇ ಸಾಗಣೆ ವಿಮಾನ ಒಂದೇ. ವಿಪಿ 905 ಅಂತ ನಂಬರ್ ಬರೆದಿರೋದು, 1947ರ ಅಕ್ಟೋಬರಲ್ಲಿ ಶ್ರೀನಗರಕ್ಕೆ ಸಿಖ್ ರೆಜಿಮೆಂಟ್ ಸೈನಿಕರನ್ನ ಇಳಿಸಿದ ವಿಮಾನದ ನಂಬರ್ ಅದು. ಆ ರೇಡಿಯಲ್ ಇಂಜಿನ್ ಸದ್ದು ಜೆಟ್ ಥರ ಕಿವಿಗೆ ಹೊಡ್ಯಲ್ಲ, ಎದೆಯೊಳಗೆ ಗುಡುಗುಡು ಅನ್ನುತ್ತೆ.

ಆಮೇಲೆ ಗ್ರೂಪ್‌ಗಳಲ್ಲಿ ವಾಟ್ಸಾಪಲ್ಲಿ ಹಾಕ್ದೆ. ಕಂಪ್ರೆಸ್ ಆಗಿ ಬಾಲದ ನಂಬರ್ ಅಳಿಸೋಗುತ್ತೆ, ಡಾಕ್ಯುಮೆಂಟ್ ಆಗಿ ಕಳ್ಸಿದ್ರೆ ಯಾರೂ ಓಪನ್ ಮಾಡಲ್ಲ. ಒಬ್ಬರು ನನ್ನ ಮೂರು ಫೋಟೋ ಕ್ರಾಪ್ ಮಾಡಿ ತಮ್ಮ ಹೆಸರು ಹಾಕ್ಕೊಂಡ್ರು, ನಂಗೆ ತುಂಬಾ ನೋವಾಯ್ತು, ಕೋಪಕ್ಕೆ ಎಲ್ಲಾದರ ಮೇಲೂ ದೊಡ್ಡ ವಾಟರ್‌ಮಾರ್ಕ್ ಹಾಕ್ದೆ, ಆಮೇಲೆ ನೋಡೋರೂ ನಿಂತೋದ್ರು. ಈ ಮಧ್ಯ ಒಂದು ಎಐ ಆಪಿಗೆ ಮಸುಕಾಗಿದ್ದ ಕಿರಣ್ ಫ್ರೇಮ್ ಹಾಕಿ ನೋಡ್ದೆ. ಬಂದಿದ್ದು ಕನ್ನಡಿ ಥರ ಫಳಫಳ, ಝೂಮ್ ಮಾಡಿದ್ರೆ ಬಾಲದ ಮೇಲೆ ಇರೋದು ಅಕ್ಷರನೂ ಅಲ್ಲ ಅಂಕಿನೂ ಅಲ್ಲ, ಯಾವುದೋ ಗೀಚು. ಅಕ್ಕಪಕ್ಕ ಕೂರೋ ಎರಡು ಪೈಲಟ್ ತಲೆ ಇದ್ದ ಜಾಗದಲ್ಲಿ ಒಂದೇ ತಲೆ. ನಂಬರ್ ಸುಳ್ಳಾದ ವಿಮಾನದ ಫೋಟೋ ಇಟ್ಕೊಂಡು ಏನ್ ಮಾಡ್ತೀರಾ, ಅವತ್ತೇ ಡಿಲೀಟ್. ಧೂಳು, ಗೀರು ಕೈಯಲ್ಲೇ ತೆಗೀತೀನಿ, ಮಸುಕು ಮಸುಕಾಗೇ ಇರ್ಲಿ.

2023ಕ್ಕೆ ಫೋಟೋ ಕಾರ್ಡ್ ಪ್ರಿಂಟ್ ಮಾಡ್ಸಿ ಹಿಂದುಗಡೆ ಕ್ಯೂಆರ್ ಸ್ಟಿಕ್ಕರ್ ಅಂಟ್ಸಿದ್ದೆ, ಸ್ಕ್ಯಾನ್ ಮಾಡಿ ಮಾಹಿತಿ ತುಂಬಿ ಅಂತ. 1,800 ರೂಪಾಯಿ ಖರ್ಚು, ತುಂಬಿದೋರು ನಾಲ್ಕು ಜನ. ಅದರಲ್ಲಿ ಒಬ್ಬ ನನ್ನ ತಂಗಿ ಮಗ.

ಆದ್ರೆ ಆ ದಿನವೇ ದಾರಿ ಸಿಕ್ತು. ಒಬ್ಬ ಯಜಮಾನ್ರು, ಎಚ್‌ಎಎಲ್ ಶೀಟ್ ಮೆಟಲ್ ಶಾಪಲ್ಲಿ ಮೂವತ್ತು ಚಿಲ್ಲರೆ ವರ್ಷ ಇದ್ದೋರಂತೆ, ನಾನು ಕೊಟ್ಟ ಮಾರುತ್ (ಎಚ್‌ಎಎಲ್‌ನ ಹಳೇ ಫೈಟರ್ ಜೆಟ್) ಫೋಟೋ ಹಿಡ್ಕೊಂಡು ನಿಂತೇಬಿಟ್ರು. ಅದು ಶೋದಲ್ಲಿ ತೆಗ್ದಿದ್ದಲ್ಲ, ಕಸ್ತೂರಬಾ ರಸ್ತೆ ಮ್ಯೂಸಿಯಂದು, ನಮ್ಮ ಮುದ್ದೇನಹಳ್ಳಿ ಸರ್ ಎಂವಿ ಹೆಸರಲ್ಲಿರೋದು, ಅಲ್ಲಿ ಆವರಣದಲ್ಲೇ ನಿಲ್ಸಿದಾರಲ್ಲ ಅದು. ತಲೆ ಮೇಲೆ ಸುಖೋಯ್ ಹೋಗ್ತಿದೆ, ಜನ ಎಲ್ಲಾ ಮೇಲೆ ನೋಡ್ತಿದಾರೆ, ಇವರು ಮಾತ್ರ ತಲೆ ಎತ್ತಲಿಲ್ಲ. ಬಲಗೈ ಹೆಬ್ಬೆರಳಿನ ಉಗುರನ್ನ ರೆಕ್ಕೆ ಬುಡದಿಂದ ನಿಧಾನಕ್ಕೆ ಹಿಂದಕ್ಕೆ ಎಳ್ಕೊಂಡು ಹೋಗಿ ಒಂದು ಕಡೆ ನಿಲ್ಸಿ, "ಇಲ್ಲಿ ರಿವೆಟ್ ನಾನ್ ಹೊಡ್ದಿದ್ದು. ಈ ವಿಮಾನಕ್ಕೇ ಅಂತಲ್ಲ, ಈ ಜಾಗಕ್ಕೆ" ಅಂದ್ರು. ಆಮೇಲೆ ಜೇಬಿಂದ ಪೆನ್ ತೆಗ್ದು ಫೋಟೋ ತಿರುಗಿಸಿದ್ರು. ಬರ್ಯೋಕೆ ಹೋದ್ರೆ ಅಲ್ಲಿ ನನ್ನ ಕ್ಯೂಆರ್ ಸ್ಟಿಕ್ಕರ್ ಕೂತಿದೆ! ಅದರ ಪಕ್ಕ ಉಳಿದ ಜಾಗದಲ್ಲಿ ಇಕ್ಕಟ್ಟಲ್ಲಿ ಬರೆದ್ರು, ಬರೆದು ಫೋಟೋ ತಮ್ಮ ಜೇಬಿಗೇ ಹಾಕ್ಕೊಂಡ್ರು. ಅವರದೇ ನೆನಪು, ವಾಪಸ್ ಕೇಳೋಕೆ ನಂಗೆ ಬಾಯಿ ಬರ್ಲಿಲ್ಲ.

ಬಸ್ಸಲ್ಲಿ ದೇವನಹಳ್ಳಿ ದಾಟೋ ಅಷ್ಟರಲ್ಲಿ ತಲೇಲಿ ಪೂರ್ತಿ ಪ್ಲಾನ್ ರೆಡಿ. ಸ್ಟಿಕ್ಕರ್ ಬೇಡ, ವಾಟರ್‌ಮಾರ್ಕ್ ಬೇಡ, ಹಿಂಭಾಗ ಪೂರ್ತಿ ಖಾಲಿ. ಪ್ರತಿ ಫೋಟೋ ಎರಡು ಪ್ರಿಂಟ್. "ಒಂದು ನಿಮಗೆ, ಇನ್ನೊಂದರ ಹಿಂದೆ ನಿಮಗೆ ಗೊತ್ತಿರೋದು ಬರ್ದು ನಂಗೆ ಕೊಡಿ." ಇಷ್ಟೇ ನನ್ನ ಮೆಥಡ್ಡು. ಇಷ್ಟೇನಾ ಅಂತೀರಾ, ಇಷ್ಟಕ್ಕೆ ಬರೋಕೆ ನಂಗೆ ಹೆಚ್ಚುಕಮ್ಮಿ 35 ಸಾವಿರ ಖರ್ಚಾಗಿದೆ, ಸ್ಕ್ಯಾನರ್ ಲಾಸ್ ಎಲ್ಲಾ ಸೇರಿ.

ಬರ್ಸೋದ್ರಲ್ಲೂ ತೊಂದ್ರೆ ಇತ್ತು. ಲ್ಯಾಬ್ ಪೇಪರ್ ಹಿಂಭಾಗ ಪ್ಲಾಸ್ಟಿಕ್ ಕೋಟಿಂಗು, ಬಾಲ್‌ಪೆನ್ ಜಾರುತ್ತೆ, ಜೆಲ್ ಪೆನ್ ಒಣಗೋದೇ ಇಲ್ಲ, ಒಂದರ ಮೇಲೊಂದು ಇಟ್ರೆ ಕೆಳಗಿನ ಫೋಟೋದ ಆಕಾಶದ ಮೇಲೆ ಅಕ್ಷರ ಅಚ್ಚಾಗುತ್ತೆ. ಪೆನ್ಸಿಲ್ ಹಿಡ್ಯಲ್ಲ. ಸಿಡಿ ಮೇಲೆ ಬರ್ಯೋ ಮಾರ್ಕರ್ ಪರವಾಗಿಲ್ಲ, ಆದ್ರೆ ಮೊನೆ ದಪ್ಪ, ವಯಸ್ಸಾದೋರು ನಾಲ್ಕು ಪದಕ್ಕೆ ನಿಲ್ಲಿಸ್ತಾರೆ. ಕೊನೆಗೆ ಒಂದು ಪೇಪರ್ ಸಿಕ್ತು, ಯಾವ ಪೆನ್ನಲ್ಲಿ ಬೇಕಾದ್ರೂ ಬರೀಬಹುದು, ಪ್ರಿಂಟಿಗೆ 9 ರೂಪಾಯಿ ಬಿತ್ತು. ಯಾವ ಪೇಪರ್ ಅಂತ ಈಗ್ಲೇ ಹೇಳಲ್ಲ, ಮುಂದಿನ ಶೋ ಆಗ್ಲಿ.

2025ರಲ್ಲಿ ವ್ಯೂಯಿಂಗ್ ಏರಿಯಾ ಪಾಸ್ 1,000 ರೂಪಾಯಿ, ಎರಡು ದಿನ ತಗೊಂಡೆ. ಒಂದು ದಿನ ಹೊರಗಡೆ ಪರಿಚಯದೋರ ತಾರಸಿ ಮೇಲೆ. ಹೈವೇಲಿ ಗಾಡಿ ನಿಲ್ಸೋಕೆ ಪೊಲೀಸ್ರು ಬಿಡಲ್ಲ, ಆ ಆಸೆ ಇಟ್ಕೋಬೇಡಿ. ಆ ಸಲ ಎಫ್-35, ಸುಖೋಯ್-57 ಎರಡೂ ಬಂದಿದ್ವು, ಎಲ್ಲರ ಬಾಯಲ್ಲೂ ಅದೇ ಮಾತು. ಹಾರಾಟ ನಡೀವಾಗ ಫೋಟೋ ಕೊಡೋಕೆ ಹೋಗ್ಲೇಬಾರ್ದು. ಬೆಳಗಿನ ಡಿಸ್‌ಪ್ಲೇ ಮುಗ್ದು ಮಧ್ಯಾಹ್ನದ್ದು ಶುರುವಾಗೋ ಮುಂಚೆ, ಬುತ್ತಿ ಬಿಚ್ಚೋ ಟೈಮು ಇದೆಯಲ್ಲ, ಅದೇ ಸರಿಯಾದ್ದು. ಚಿತ್ರಾನ್ನದ ಕೈ ಒರೆಸ್ಕೊಂಡು ಫೋಟೋ ಇಸ್ಕೋತಾರೆ.

ಒಬ್ಬರು ಇಂಜಿನ್ ಡಿವಿಷನ್ನೋರು ಕಿರಣ್ ಫೋಟೋ ಹಿಂದೆ ಹಿಂಗೆ ಬರೆದ್ರು: ಮಾರುತ್‌ಗೆ ಎರಡು ಆರ್ಫಿಯಸ್ ಇಂಜಿನ್, ನ್ಯಾಟ್ ಫೈಟರ್‌ಗೆ ಒಂದು, ಕಿರಣ್ ಮಾರ್ಕ್ 2ಗೂ ಅದೇ ಮನೆತನದ್ದೇ ಒಂದು. ಆ ಮೂರು ವಿಮಾನ ನಾನು ಬೇರೆ ಬೇರೆ ಫೋಲ್ಡರಲ್ಲಿ ಇಟ್ಟಿದ್ದೆ. ಈಗ ಒಟ್ಟಿಗೆ ಇಟ್ಟಿದೀನಿ. 2015ರಲ್ಲಿ ರೆಕ್ಕೆ ಮೇಲೆ ಹೆಣ್ಮಕ್ಕಳು ನಿಂತ್ಕೊಂಡು ಹಾರಿದ ಸ್ಟಿಯರ್‌ಮನ್ ಬೈಪ್ಲೇನ್ ಫೋಟೋನೂ ತಗೊಂಡು ಹೋಗಿದ್ದೆ, ಅದು ಮಕ್ಕಳಿಗೆ ಹೋಯ್ತು, ಒಂದೂ ವಾಪಸ್ ಬರ್ಲಿಲ್ಲ, ಬೇಜಾರಿಲ್ಲ.

ಒಂದು ಮಾತು, ಹ್ಯಾಂಗರ್, ರೇಡಾರ್, ಬೇಸ್ ಒಳಗಿನ ಕಟ್ಟಡ ಕಾಣೋ ಫ್ರೇಮ್ ಒಂದೂ ನಾನು ಪ್ರಿಂಟ್ ಹಾಕಿಲ್ಲ, ಹಳೇದಾದ್ರೂ ಸರಿ. ನೀವೂ ಹಾಕ್ಬೇಡಿ.

ಬಿಸ್ಕೆಟ್ ಡಬ್ಬ ಕೊಟ್ಟಿದ್ದು ಮೂರನೇ ದಿನ ಒಬ್ಬ ಅಮ್ಮ. ಅವರ ಯಜಮಾನ್ರು ಜಕ್ಕೂರು ಫ್ಲೈಯಿಂಗ್ ಸ್ಕೂಲಲ್ಲಿ ಮೆಕ್ಯಾನಿಕ್ ಆಗಿದ್ರಂತೆ, ತೀರ್ಕೊಂಡು ಕೆಲವು ವರ್ಷ ಆಯ್ತಂತೆ. ಮೊದಲನೇ ದಿನ ನನ್ನ ಹತ್ರ ಫೋಟೋ ಇಸ್ಕೊಂಡು ಹೋಗಿದ್ರು, ಮಗನ ಕೈಲಿ ಡಬ್ಬ ಹುಡುಕಿಸಿ ಮತ್ತೆ ಬಂದಿದ್ರು. 40 ಚಿಲ್ಲರೆ ನೆಗೆಟಿವ್, ಬ್ಲಾಕ್ ಅಂಡ್ ವೈಟು, 120 ಸೈಜಿಂದು, ಅಂದ್ರೆ 35 ಎಂಎಂಗಿಂತ ಅಗಲದ ಫಿಲ್ಮು. ಹೆಚ್ಚಿಂದು ಪುಷ್ಪಕ್, ಎಚ್‌ಎಎಲ್‌ನ ಬಟ್ಟೆ ಹೊದಿಸಿದ ರೆಕ್ಕೆಯ ಎರಡು ಸೀಟಿನ ಪುಟ್ಟ ವಿಮಾನ, 1958ರಲ್ಲಿ ಮೊದಲ ಸಲ ಹಾರಿದ್ದು. ನನ್ನ ಹೋಲ್ಡರ್ 35 ಎಂಎಂದು, ಇದಕ್ಕೆ ಕರಿ ಆಕ್ರಿಲಿಕ್ ಶೀಟಲ್ಲಿ ಬೇರೆ ಕಟ್ ಮಾಡ್ಸಿದೀನಿ, ನೆಗೆಟಿವ್ ಸುರುಳಿ ಸುತ್ಕೊಳ್ಳುತ್ತೆ ಅಂತ ಗಾಜು ಇಟ್ರೆ ಎಣ್ಣೆ ಬಿದ್ದಂಗೆ ರಿಂಗ್ ಬರ್ತಿದೆ, ಅದಿನ್ನೂ ಸರಿ ಹೋಗಿಲ್ಲ.

ಹನ್ನೆರಡು ಫ್ರೇಮ್ ಆಗಿದೆ. ಅದರಲ್ಲಿ ಒಂದರಲ್ಲಿ ಖಾಕಿ ಚಡ್ಡಿ ಹಾಕಿದ ಹುಡುಗ ಒಬ್ಬ ಪುಷ್ಪಕ್ ಪ್ರೊಪೆಲರ್ ಮೇಲೆ ಎರಡೂ ಅಂಗೈ ಇಟ್ಟು, ತಿರುಗಿಸೋಕೆ ಒಂದು ಕಾಲು ಹಿಂದಕ್ಕೆ ಎತ್ತಿದಾನೆ. ಅವರ ಯಜಮಾನ್ರೇ ಇರ್ಬೇಕು ಅಂತ ನನ್ನ ಊಹೆ. ಎರಡು ಪ್ರಿಂಟ್ ಹಾಕ್ಸಿಟ್ಟಿದೀನಿ, ಹಿಂಭಾಗ ಖಾಲಿ, ಈ ಭಾನುವಾರ ಅವರ ಮನೆಗೆ ಹೋಗ್ತಿದೀನಿ.